ತಂತಿಯ ಮೇಲೆ ಕೂತದ್ದು ನೀಲಕಂಠವೇ? ಹಕ್ಕಿ ನೋಡುವ ಹೊಸಬರಿಗೆ ಹಳಬರು ಏನು ಹೇಳಿಕೊಡಬೇಕು

ಹುಣಸೂರಿನಿಂದ ನಾಗರಹೊಳೆ ಕಡೆಗೆ ಹೋಗುವವರಿಗೆ ವೀರನಹೊಸಹಳ್ಳಿ ಎಂದರೆ ಕಾಡಿನ ಬಾಗಿಲು. ಸಫಾರಿಗೆ ಬಂದವರ ಮನಸ್ಸೆಲ್ಲ ಗೇಟಿನ ಆಚೆಗಿನ ಹುಲಿ, ಆನೆಗಳ ಮೇಲೆ. ಗೇಟಿಗಿಂತ ಮೊದಲೇ, ಹೊಲದ ಪಕ್ಕದ ಕರೆಂಟ್ ತಂತಿಯ ಮೇಲೆ ನೀಲಿ ಹಕ್ಕಿಯೊಂದು ಕಂಡಿತು ಎಂದಿಟ್ಟುಕೊಳ್ಳಿ. ಹೊಸದಾಗಿ ಹಕ್ಕಿ ನೋಡಲು ಶುರುಮಾಡಿದವರು ಫೋನು ತೆಗೆದು 'ನೀಲಕಂಠ, ಒಂದು' ಎಂದು ದಾಖಲಿಸುತ್ತಾರೆ. ಆದರೆ ಅದು ಗದ್ದೆ ಮಿಂಚುಳ್ಳಿಯೂ ಆಗಿರಬಹುದು.

ಇಷ್ಟು ಸಣ್ಣ ತಪ್ಪಿನಿಂದ ಏನಾಗುತ್ತದೆ ಎಂದು ಕೇಳಬಹುದು. ಒಂದು ತಪ್ಪಿನಿಂದ ಹೆಚ್ಚೇನೂ ಆಗದು. ಆದರೆ ಇಂದು ನಮ್ಮ ದೇಶದ ಹಕ್ಕಿಗಳು ಹೆಚ್ಚುತ್ತಿವೆಯೋ ಕಡಿಮೆಯಾಗುತ್ತಿವೆಯೋ ಎಂಬುದನ್ನು ಬಹುಮಟ್ಟಿಗೆ ಹೇಳುತ್ತಿರುವುದು ಹವ್ಯಾಸಿಗಳ ಇಂತಹ ಪಟ್ಟಿಗಳೇ. ಹಾಗಾಗಿ ಹೊಸಬರಿಗೆ ಮೊದಲ ದಿನ ಏನು ಹೇಳಿಕೊಡುತ್ತೇವೆ ಎಂಬುದು ಮುಖ್ಯ.

ನೀಲಕಂಠದ ಲೆಕ್ಕ ಯಾಕೆ ಬೇಕು?

ನೀಲಕಂಠ ಕರ್ನಾಟಕದ ರಾಜ್ಯಪಕ್ಷಿ. ದಸರಾ ಹೊತ್ತಿನಲ್ಲಿ ಅದನ್ನು ಕಂಡರೆ ಶುಭ ಎಂಬ ನಂಬಿಕೆ ದೇಶದ ಹಲವೆಡೆ ಇದೆ. ತಂತಿ, ಒಣಕೊಂಬೆ, ಬೇಲಿಗೂಟದ ಮೇಲೆ ಕೂತು ನೆಲದಲ್ಲಿ ಓಡಾಡುವ ಮಿಡತೆ, ಜೀರುಂಡೆಗಳನ್ನು ಹಿಡಿದು ತಿನ್ನುವ ಹಕ್ಕಿ ಇದು. ಬಯಲು ಮತ್ತು ಹೊಲಗಳೇ ಇದರ ಜಾಗ, ದಟ್ಟ ಕಾಡಲ್ಲ.

2023ರಲ್ಲಿ ಬಂದ 'ಭಾರತದ ಪಕ್ಷಿಗಳ ಸ್ಥಿತಿಗತಿ' ವರದಿ 942 ಪ್ರಭೇದಗಳನ್ನು ಪರಿಶೀಲಿಸಿತು. 30,000ಕ್ಕೂ ಹೆಚ್ಚು ಪಕ್ಷಿವೀಕ್ಷಕರು ಇ-ಬರ್ಡ್ ಎಂಬ ತಾಣಕ್ಕೆ ಸೇರಿಸಿದ ಸುಮಾರು 3 ಕೋಟಿ ದಾಖಲೆಗಳೇ ಅದಕ್ಕೆ ಆಧಾರ. ನೀಲಕಂಠ ಕಡಿಮೆಯಾಗುತ್ತಿದೆ, ಅದರ ಅಪಾಯದ ದರ್ಜೆಯನ್ನು ಮರುಪರಿಶೀಲಿಸಬೇಕು ಎಂದು ವರದಿ ಹೇಳಿತು. ಎಲ್ಲೆಡೆ ಕಾಣುವ ಸಾಮಾನ್ಯ ಹಕ್ಕಿ ಎಂದು ನಾವು ತಿಳಿದುಕೊಂಡಿದ್ದ ನೀಲಕಂಠದ ಕಥೆ ಇದು. ಸಾಮಾನ್ಯ ಹಕ್ಕಿ ಕಣ್ಮರೆಯಾಗುವಾಗ ಯಾರೂ ಗಮನಿಸುವುದಿಲ್ಲ. ಬರೆದಿಟ್ಟ ಲೆಕ್ಕ ಇದ್ದರೆ ಮಾತ್ರ ಗೊತ್ತಾಗುತ್ತದೆ.

ಮೊದಲು ಈ ತಿಳಿವಳಿಕೆ ಎಲ್ಲಿತ್ತು?

ಸಲೀಂ ಅಲಿ 1939–40ರಲ್ಲಿ ಅಂದಿನ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ರಂಗನತಿಟ್ಟು ಪಕ್ಷಿಧಾಮವಾಗಿದ್ದು 1940ರಲ್ಲಿ, ಅವರ ಸಲಹೆಯ ಮೇರೆಗೆ. ಭಾರತದ ಹಕ್ಕಿಗಳ ಬಗ್ಗೆ ಸಾಮಾನ್ಯ ಓದುಗರಿಗಾಗಿ ಅವರು ಬರೆದ ಪುಸ್ತಕ 1941ರಲ್ಲಿ ಬಂತು. ಆದರೆ ಅದು ಇಂಗ್ಲಿಷಿನಲ್ಲಿತ್ತು. ಮುಂದೆ ಪೂರ್ಣಚಂದ್ರ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ಕನ್ನಡದ ಓದುಗರನ್ನು ಈ ಹವ್ಯಾಸಕ್ಕೆ ಎಳೆದು ತಂದಿತು. ಮೈಸೂರಿನಲ್ಲಿ ಹವ್ಯಾಸಿಗಳೇ ಸೇರಿ 2014ರಿಂದ 2016ರವರೆಗೆ ನಗರದ ಹಕ್ಕಿಗಳ ನಕ್ಷೆಯನ್ನು ತಯಾರಿಸಿದರು.

ಪುಸ್ತಕ ಹಕ್ಕಿಯ ಬಗ್ಗೆ ಹೇಳುತ್ತದೆ. ಆದರೆ ಹಕ್ಕಿಯನ್ನು ಕಂಡಾಗ ಏನನ್ನು, ಹೇಗೆ ಬರೆದಿಡಬೇಕು ಎಂಬುದು ಹಳಬರ ಜೊತೆ ನಾಲ್ಕು ಸಲ ಓಡಾಡಿದರೆ ಮಾತ್ರ ಗೊತ್ತಾಗುವಂತಿತ್ತು. ಆ ಬಾಯಿಮಾತಿನ ಪಾಠವನ್ನು ಒಂದು ಹಾಳೆಗೆ ಇಳಿಸಿದರೆ ಪಿರಿಯಾಪಟ್ಟಣದಲ್ಲೋ ಕೆ.ಆರ್. ನಗರದಲ್ಲೋ ಒಬ್ಬರೇ ಶುರುಮಾಡುವವರಿಗೂ ದಾರಿ ಸಿಗುತ್ತದೆ. ಆ ಹಾಳೆಯಲ್ಲಿ ಐದು ವಿಷಯಗಳು ಇರಬೇಕು ಎಂಬುದು ನಮ್ಮ ಅಭಿಪ್ರಾಯ.

1. ಹೆಸರು ನಂಬಿ ಮೋಸಹೋಗಬೇಡಿ

ನೀಲಕಂಠದ ಕಂಠ ನೀಲಿಯಲ್ಲ! ಕತ್ತು ಮತ್ತು ಎದೆ ಗುಲಾಬಿ ಬೆರೆತ ಕಂದು ಬಣ್ಣ. ಹೆಸರನ್ನಷ್ಟೇ ಕೇಳಿ ಹುಡುಕುವವರು ಎಡವುವುದು ಇಲ್ಲೇ. ಕೆಂಬೂತದ್ದು ಇನ್ನೊಂದು ಕಥೆ. ಕೆಲವು ಕಡೆ ಅದೇ ಹಕ್ಕಿಗೆ ಸಾಂಬಾರ ಕಾಗೆ ಎನ್ನುತ್ತಾರೆ, ಇನ್ನು ಕೆಲವು ಕಡೆ ರತ್ನಪಕ್ಷಿ. ಅದು ಕಾಗೆಯೇ ಅಲ್ಲ, ಕೋಗಿಲೆಯ ಬಳಗಕ್ಕೆ ಸೇರಿದ್ದು. ಹೊಸಬರ ಹಾಳೆಯಲ್ಲಿ ಊರಿನ ಹೆಸರು, ಪುಸ್ತಕದ ಹೆಸರು, ವೈಜ್ಞಾನಿಕ ಹೆಸರು ಮೂರೂ ಒಂದೇ ಸಾಲಿನಲ್ಲಿರಲಿ. ಊರಿನ ಹೆಸರನ್ನು ತಪ್ಪೆಂದು ಹೊಡೆದುಹಾಕಿದರೆ ಆ ಹಕ್ಕಿಯನ್ನು ಚಿಕ್ಕಂದಿನಿಂದ ಬಲ್ಲವರೇ ದೂರ ಸರಿಯುತ್ತಾರೆ.

2. ಬಣ್ಣ ಕೊನೆಗೆ ನೋಡಿ

ಹೊಸಬರ ಕಣ್ಣು ಮೊದಲು ಹೋಗುವುದು ಬಣ್ಣದ ಕಡೆಗೆ. ಆದರೆ ಬೆಳಕು ಬದಲಾದರೆ ಬಣ್ಣವೂ ಬದಲಾದಂತೆ ಕಾಣುತ್ತದೆ. ಮೊದಲು ಗಾತ್ರ ನೋಡಿ: ಗುಬ್ಬಚ್ಚಿಯಷ್ಟೇ, ಗೊರವಂಕದಷ್ಟೇ, ಕಾಗೆಯಷ್ಟೇ? ಆಮೇಲೆ ಕೊಕ್ಕು, ಬಾಲ, ಕೂರುವ ರೀತಿ, ಹಾರುವ ರೀತಿ. ಬಣ್ಣ ಇವೆಲ್ಲದರ ನಂತರ.

ನಮ್ಮ ತಂತಿಯ ಮೇಲಿನ ಹಕ್ಕಿಗೆ ಇದನ್ನು ಅನ್ವಯಿಸೋಣ. ಉದ್ದನೆಯ ದಪ್ಪ ಕೆಂಪು ಕೊಕ್ಕು, ಚಾಕೊಲೇಟ್ ಬಣ್ಣದ ತಲೆ, ಬಿಳಿ ಎದೆ ಇದ್ದರೆ ಅದು ಗದ್ದೆ ಮಿಂಚುಳ್ಳಿ. ಕಪ್ಪು ಬಣ್ಣದ ಕೊಕ್ಕು, ಕೂತಾಗ ಮಂಕು ಕಂದು, ಹಾರಿದೊಡನೆ ರೆಕ್ಕೆಯಲ್ಲಿ ತಿಳಿನೀಲಿ ಮತ್ತು ಕಡುನೀಲಿ ಪಟ್ಟಿಗಳು ಮಿಂಚಿದರೆ ಅದು ನೀಲಕಂಠ. ಮಿಂಚುಳ್ಳಿ ನೀರಿನ ಹತ್ತಿರ ಮಾತ್ರ ಇರುತ್ತದೆ ಎಂಬ ನಂಬಿಕೆಯೂ ತಪ್ಪು. ಗದ್ದೆ ಮಿಂಚುಳ್ಳಿ ಮಿಡತೆ, ಹಲ್ಲಿಗಳನ್ನೂ ತಿನ್ನುತ್ತದೆ. ನೀರಿನಿಂದ ದೂರದ ಹೊಲಗಳಲ್ಲೂ ಸಿಗುತ್ತದೆ.

3. ಕಂಡದ್ದನ್ನೆಲ್ಲ ಬರೆಯಿರಿ

ಅಪರೂಪದ ಹಕ್ಕಿಯನ್ನಷ್ಟೇ ಬರೆದು ಕಾಗೆ, ಗೊರವಂಕ, ಪಿಕಳಾರಗಳನ್ನು ಬಿಡುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ಲೆಕ್ಕ ಹೇಗೆ ನಡೆಯುತ್ತದೆ ಎಂದು ತಿಳಿದರೆ ಇದು ಯಾಕೆ ತಪ್ಪು ಎಂದು ಗೊತ್ತಾಗುತ್ತದೆ. ಉದಾಹರಣೆಗೆ, ಒಂದು ತಾಲ್ಲೂಕಿನಿಂದ 100 ಪೂರ್ಣ ಪಟ್ಟಿಗಳು ಬಂದು ಅವುಗಳಲ್ಲಿ 20ರಲ್ಲಿ ನೀಲಕಂಠ ಇದ್ದರೆ ಅದು ಕಂಡ ಪ್ರಮಾಣ ಶೇ. 20. ಹತ್ತು ವರ್ಷದ ನಂತರ ಅಷ್ಟೇ ಪಟ್ಟಿಗಳಲ್ಲಿ 8ರಲ್ಲಿ ಮಾತ್ರ ಇದ್ದರೆ ಏನೋ ಆಗಿದೆ ಎಂದರ್ಥ. ಪಟ್ಟಿಯಲ್ಲಿ ಇಲ್ಲದ ಹಕ್ಕಿ ನಿಜವಾಗಿಯೂ ಕಾಣಲಿಲ್ಲ ಎಂಬ ಭರವಸೆ ಇದ್ದಾಗ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಅಂದರೆ ಕಾಣದಿರುವುದೂ ಮಾಹಿತಿಯೇ.

ಹಾಗಾಗಿ ಎಲ್ಲಿ, ಯಾವಾಗ ಶುರುಮಾಡಿದಿರಿ, ಎಷ್ಟು ಹೊತ್ತು ನೋಡಿದಿರಿ, ಎಷ್ಟು ದೂರ ನಡೆದಿರಿ, ಎಷ್ಟು ಜನ ಇದ್ದಿರಿ ಎಂಬುದನ್ನೂ ಬರೆಯಬೇಕು. ಹೆಸರು ಗೊತ್ತಾಗದ ಹಕ್ಕಿಯನ್ನು ಊಹೆಯಿಂದ ಬರೆಯಬೇಡಿ. 'ಯಾವುದೋ ಮಿಂಚುಳ್ಳಿ' ಎಂದು ಬರೆದರೂ ಆ ಪಟ್ಟಿಗೆ ಬೆಲೆ ಇದೆ.

4. ಪ್ರಶ್ನೆ ಬಂದರೆ ಬೇಸರ ಬೇಡ

ಇ-ಬರ್ಡ್‌ನಲ್ಲಿ ಒಂದು ಪ್ರದೇಶಕ್ಕೆ, ಆ ಕಾಲಕ್ಕೆ ಹೊಂದದ ಹಕ್ಕಿ ಅಥವಾ ಅತಿ ದೊಡ್ಡ ಸಂಖ್ಯೆ ದಾಖಲಾದರೆ ವ್ಯವಸ್ಥೆಯೇ ಅದನ್ನು ಗುರುತಿಸುತ್ತದೆ. ಆಮೇಲೆ ಅನುಭವಿ ಸ್ವಯಂಸೇವಕರು ನೋಡಿ, ಬೇಕಿದ್ದರೆ ಬರೆದವರನ್ನು ಕೇಳುತ್ತಾರೆ. ಹೊಸಬರಿಗೆ ಇದು ಪರೀಕ್ಷೆಯಲ್ಲಿ ಫೇಲಾದಂತೆ ಅನ್ನಿಸಬಹುದು. ಇಂತಹ ಪ್ರಶ್ನೆ ನುರಿತವರಿಗೂ ಬರುತ್ತದೆ ಎಂದು ಮೊದಲೇ ಹೇಳಿಬಿಡಬೇಕು. ಕೇಳುವ ಹಳಬರೂ ಗದರಿಸದೆ 'ಕೊಕ್ಕು ಹೇಗಿತ್ತು?' ಎಂದು ಕೇಳಿದರೆ, ಉತ್ತರ ಕೊಡುತ್ತಲೇ ಹೊಸಬರು ಕಲಿಯುತ್ತಾರೆ.

5. ಹಕ್ಕಿಗೂ ನಿಮಗೂ ತೊಂದರೆಯಾಗದಿರಲಿ

ಗೂಡಿನ ಹತ್ತಿರ ಹೋಗಬೇಡಿ, ಗೂಡಿರುವ ಜಾಗವನ್ನು ಹಂಚಬೇಡಿ. ಹಕ್ಕಿಯನ್ನು ಕರೆಸಲು ಫೋನಿನಲ್ಲಿ ಅದರ ಕೂಗನ್ನು ಹಾಕಬೇಡಿ. ವೀರನಹೊಸಹಳ್ಳಿಯಂತಹ ಕಾಡಂಚಿನಲ್ಲಿ ಇನ್ನೂ ಒಂದು ಮಾತು: ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಇಳಿಯಬಾರದು, ಅನುಮತಿಯಿಲ್ಲದೆ ಒಳಗೆ ಕಾಲಿಡಬಾರದು. ಮುಂಜಾನೆ, ಸಂಜೆ ಆನೆಗಳು ಹೊಲಕ್ಕೂ ಇಳಿಯುವ ಜಾಗ ಇದು. ಊರಿನವರನ್ನು ಕೇಳದೆ ಒಬ್ಬರೇ ಹೋಗಬೇಡಿ.

ಕೆಲವು ತಪ್ಪು ತಿಳಿವಳಿಕೆಗಳು

ದುಬಾರಿ ಕ್ಯಾಮೆರಾ ಬೇಕೇ ಬೇಕು: ಬೇಡ. ಸಾಮಾನ್ಯ ಬೈನಾಕ್ಯುಲರ್ ಸಾಕು. ಅದಿಲ್ಲದಿದ್ದರೆ ಬರಿಗಣ್ಣು, ಒಂದು ನೋಟ್‌ಬುಕ್ ಹಿಡಿದು ಹತ್ತಿರ ಬರುವ ಹಕ್ಕಿಗಳಿಂದ ಶುರುಮಾಡಿ.

ಆ್ಯಪ್ ಹೇಳಿದರೆ ಸರಿ: ಮರ್ಲಿನ್‌ನಂತಹ ಆ್ಯಪ್‌ಗಳು ಕೂಗು ಕೇಳಿ ಹೆಸರು ಸೂಚಿಸುತ್ತವೆ. ಅದು ಸುಳಿವು ಮಾತ್ರ. ಈ ಕಾಡುಗಳಲ್ಲಿರುವ ಭೀಮರಾಜ, ಅಂದರೆ ಬಾಲದಲ್ಲಿ ಎರಡು ಉದ್ದ ಗರಿಗಳಿರುವ ಕಾಜಾಣ, ಬೇರೆ ಹಕ್ಕಿಗಳ ಕೂಗನ್ನು ಚೆನ್ನಾಗಿ ಅನುಕರಿಸುತ್ತದೆ. ಕಣ್ಣಿಂದ ನೋಡದೆ ಬರೆದರೆ ಇಲ್ಲದ ಹಕ್ಕಿ ಪಟ್ಟಿಗೆ ಸೇರಬಹುದು.

ಮೊಬೈಲ್ ಟವರ್‌ನಿಂದ ದೇಶದಲ್ಲೆಲ್ಲ ಗುಬ್ಬಚ್ಚಿ ಅಳಿಯುತ್ತಿದೆ: 2020ರ ವರದಿಯ ಪ್ರಕಾರ ಗುಬ್ಬಚ್ಚಿ ದೇಶದ ಮಟ್ಟದಲ್ಲಿ ಒಟ್ಟಾರೆ ಸ್ಥಿರವಾಗಿತ್ತು, ಇಳಿಕೆ ಕಂಡದ್ದು ದೊಡ್ಡ ನಗರಗಳಲ್ಲಿ. ಟವರ್ ಕಾರಣ ಎನ್ನಲು ದೃಢವಾದ ಆಧಾರ ಸಿಕ್ಕಿಲ್ಲ. ಎಲ್ಲರೂ ಚಿಂತಿಸಿದ ಗುಬ್ಬಚ್ಚಿ ಉಳಿದಿತ್ತು, ಯಾರೂ ಚಿಂತಿಸದ ನೀಲಕಂಠ ಇಳಿಯುತ್ತಿತ್ತು. ಪಟ್ಟಿಗಳಿಲ್ಲದಿದ್ದರೆ ಈ ಎರಡೂ ಗೊತ್ತಾಗುತ್ತಿರಲಿಲ್ಲ.

ಎಲ್ಲಿಂದ ಶುರುಮಾಡುವುದು?

ಪಕ್ಷಿವೀಕ್ಷಕರು ಹೆಚ್ಚಾಗಿ ಹೋಗುವುದು ಹೆಸರಾಂತ ಕೆರೆಗಳಿಗೆ, ಕಾಡುಗಳಿಗೆ, ತಮ್ಮ ನಗರದ ಉದ್ಯಾನಗಳಿಗೆ. ನಡುವಿನ ಹೊಗೆಸೊಪ್ಪು, ಜೋಳ, ರಾಗಿ ಹೊಲಗಳಿಂದ ಬರುವ ಪಟ್ಟಿಗಳು ಕಡಿಮೆ. ನೀಲಕಂಠ ಬದುಕುವುದು ಆ ಹೊಲಗಳಲ್ಲೇ. ಹಾಗಾಗಿ ಹುಣಸೂರು, ಎಚ್.ಡಿ. ಕೋಟೆ ಕಡೆಯ ಹೊಸಬರೊಬ್ಬರು ತಮ್ಮ ಹೊಲದ ಬದುವಿನ ಮೇಲೆ ನಿಂತು ಬರೆಯುವ ಪಟ್ಟಿಗೆ ಸಫಾರಿ ಜೀಪಿನಲ್ಲಿ ಬರೆದ ಪಟ್ಟಿಗಿಂತ ಬೆಲೆ ಹೆಚ್ಚಿರಬಹುದು.

ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಮನೆಯಂಗಳದ ಹಕ್ಕಿಗಳ ಎಣಿಕೆ ನಡೆಯುತ್ತದೆ. ಅದಕ್ಕೆ ಬೇಕಾದದ್ದು ಕನಿಷ್ಠ 15 ನಿಮಿಷ. ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ನಾಳೆ ಬೆಳಿಗ್ಗೆ 15 ನಿಮಿಷ ಒಂದೇ ಜಾಗದಲ್ಲಿ ನಿಂತು ಕಂಡದ್ದನ್ನೆಲ್ಲ ಬರೆಯಿರಿ. ನೀಲಕಂಠ ಕಂಡರೆ ಸಂತೋಷ. ಕಾಣದಿದ್ದರೂ ಪಟ್ಟಿಯನ್ನು ಸೇರಿಸಲು ಮರೆಯಬೇಡಿ.