ಬಿಜಾಪುರದಲ್ಲೊಂದು ಹಬಶಿ ಮದುವೆ

ಆಫ್ರಿಕಾದವರ ಅದ್ದೂರಿ ಮದುವೆ ಅಂದ ಕೂಡಲೇ ಈಗಿನವರಿಗೆ ನೆನಪಾಗೋದು ಲಾಗೋಸ್ ಕಡೆಯ ವಿಡಿಯೋಗಳು. ಸಾವಿರಗಟ್ಟಲೆ ಜನ, ಬಳಗಕ್ಕೆಲ್ಲ ಒಂದೇ ಥರದ ಬಟ್ಟೆ, ಮದುಮಕ್ಕಳ ಮೇಲೆ ನೋಟು ಎರಚೋದು, ಇದನ್ನೆಲ್ಲ ನಿಭಾಯಿಸೋಕೆ ಒಬ್ಬ ವೆಡ್ಡಿಂಗ್ ಪ್ಲಾನರ್. ಹುಡುಗ ಒಂದು ದೇಶ, ಹುಡುಗಿ ಇನ್ನೊಂದು ದೇಶ ಆಗಿಬಿಟ್ಟರಂತೂ ಕೇಳೋದೇ ಬೇಡ, ಎರಡೂ ಕಡೆಯ ಶಾಸ್ತ್ರ, ಎರಡೂ ಕಡೆಯ ಊಟ! ಇಂಥವನ್ನು ನೋಡಿದಾಗೆಲ್ಲ ನನಗೆ ಅನ್ನಿಸೋದು, ನಮ್ಮೂರು ಇದನ್ನು ನಾನೂರು ವರ್ಷದ ಹಿಂದೆಯೇ ನೋಡಿದೆಯಲ್ಲ ಅಂತ.

ನಮ್ಮೂರು ಅಂದರೆ ಬಿಜಾಪುರ. (2014ರಿಂದ ಅಧಿಕೃತವಾಗಿ ವಿಜಯಪುರ. ಹಳೆಯ ಕಥೆಗೆ ಹಳೆಯ ಹೆಸರೇ ಇರಲಿ ಬಿಡಿ.) 1609ರಲ್ಲಿ ಇಲ್ಲೊಂದು ಮದುವೆ ಆಯ್ತು. ಹುಡುಗನ ಅಪ್ಪ ಇಥಿಯೋಪಿಯಾದಲ್ಲಿ ಹುಟ್ಟಿದವನು, ಹುಡುಗಿಯ ಅಪ್ಪನೂ ಆಫ್ರಿಕಾ ಮೂಲದವನೇ. ಇಬ್ಬರೂ ಒಂದು ಕಾಲಕ್ಕೆ ಗುಲಾಮರು. ಮದುವೆಗೆ ಕೈ ಬಿಚ್ಚಿ ಖರ್ಚು ಮಾಡಿದ್ದು ಮಾತ್ರ ಸ್ವತಃ ಸುಲ್ತಾನ, ಎರಡನೇ ಇಬ್ರಾಹಿಂ ಆದಿಲ್ ಶಾ. ಬರೀ ಬಾಣಬಿರುಸಿಗೇ ಅವನು ಸುರಿದದ್ದು 80,000 ರೂಪಾಯಿ!

ನಾನು ಬೆಳೆದದ್ದು ಜಲನಗರದಲ್ಲಿ. ಶಾಲೆಯಲ್ಲಿದ್ದಾಗ ಗೋಳಗುಮ್ಮಟ ಎಷ್ಟು ಸಲ ಮಾರ್ದನಿ ಕೊಡುತ್ತೆ ಅಂತ ಬಾಯಿಪಾಠ ಮಾಡಿದ್ದೆವು. ಹಬಶಿಗಳ ಹೆಸರು ಮಾತ್ರ ಒಂದು ದಿನವೂ ಕಿವಿಗೆ ಬಿದ್ದಿರಲಿಲ್ಲ. ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿಗೆ ಬಂದು, ಕೋಡ್ ಬರೆಯುವ ನಡುವೆ ಸುಮ್ಮನೆ ಊರಿನ ಇತಿಹಾಸ ಓದತೊಡಗಿದ ಮೇಲೆ ಸಿಕ್ಕ ಕಥೆ ಇದು.

ಮೊದಲು ಹಬಶಿ ಅಂದರೆ ಯಾರು ಅಂತ ಹೇಳಿಬಿಡ್ತೀನಿ. ಅಬಿಸೀನಿಯಾದವರನ್ನು, ಅಂದರೆ ಇಂದಿನ ಇಥಿಯೋಪಿಯಾ ಕಡೆಯವರನ್ನು ಅರಬ್ಬರು ಹಾಗೆ ಕರೀತಿದ್ದರು. ಅಲ್ಲಿನ ಮಕ್ಕಳನ್ನು ಹಿಡಿದು ಕೆಂಪು ಸಮುದ್ರದ ಬಂದರುಗಳಲ್ಲಿ ಮಾರುತ್ತಿದ್ದರು. ಆ ವ್ಯಾಪಾರದಲ್ಲಿ ಇಥಿಯೋಪಿಯಾಕ್ಕೆ ಹೋಗುತ್ತಿದ್ದ ಸರಕುಗಳಲ್ಲಿ ಮುಖ್ಯವಾದದ್ದು ನಮ್ಮ ಭಾರತದ ಹತ್ತಿ ಬಟ್ಟೆ. ಅಂದರೆ ಇಲ್ಲಿಂದ ಬಟ್ಟೆ ಹೋಗ್ತಿತ್ತು, ಅಲ್ಲಿಂದ ಮನುಷ್ಯರು ಬರ್ತಿದ್ದರು.

ದಖನ್ನಿನ ಸರದಾರರಿಗೆ ಇವರೇ ಯಾಕೆ ಬೇಕಿತ್ತು? ಹೊಲ ಉಳಲಿಕ್ಕಲ್ಲ, ಸಿಪಾಯಿಗಿರಿಗೆ. ನಮ್ಮ ಕಡೆ ಒಂದು ಮಾತಿದೆ ನೋಡಿ, 'ಹಿಂದಿಲ್ಲ ಮುಂದಿಲ್ಲ' ಅಂತ. ಕೊಂಡು ತಂದ ಹಬಶಿ ಹುಡುಗನಿಗೆ ಇಲ್ಲಿ ಅಪ್ಪ ಇಲ್ಲ, ಅಣ್ಣತಮ್ಮಂದಿರಿಲ್ಲ, ಸೋದರಮಾವ ಇಲ್ಲ. ಆಸ್ತಿಗಾಗಿ ಸಂಚು ಮಾಡೋಕೆ ಬೆನ್ನ ಹಿಂದೆ ಒಂದು ಮನೆತನವೇ ಇಲ್ಲ. ಒಡೆಯನೊಬ್ಬನೇ ಅವನಿಗೆ ಎಲ್ಲ. ಹಾಗಾಗಿ ನಂಬಿಕಸ್ಥ. ಒಡೆಯ ಸತ್ತ ಮೇಲೆ ಎಷ್ಟೋ ಜನ ಬಿಡುಗಡೆಯಾಗಿ ತಾವೇ ಸರದಾರರಾಗುತ್ತಿದ್ದರು. ಇದು ಅಮೆರಿಕದ ತೋಟಗಳ ಗುಲಾಮಗಿರಿಯಂತಲ್ಲ ನಿಜ. ಆದರೆ ತಾಯಿಯ ಮಡಿಲಿಂದ ಕಿತ್ತು ತಂದ ಮಗುವಿನ ಲೆಕ್ಕದಲ್ಲಿ ಆ ವ್ಯತ್ಯಾಸಕ್ಕೆ ಎಷ್ಟು ಬೆಲೆ ಅಂತ ನನಗೆ ಹೇಳೋಕೆ ಬರೋಲ್ಲ.

ನಮ್ಮ ಮದುವೆಯ ಗಂಡಿನ ಅಪ್ಪ ಇಂಥ ಮಗುವೇ. 1548ರ ಸುಮಾರಿಗೆ ಹುಟ್ಟಿದ ಅವನ ಮೊದಲ ಹೆಸರು ಚಾಪು. ಮೋಖಾ, ಬಾಗ್ದಾದ್ ಅಂತ ಕೈಯಿಂದ ಕೈಗೆ ಮಾರಾಟವಾದ. ಬಾಗ್ದಾದಿನ ವ್ಯಾಪಾರಿಯೊಬ್ಬ 'ಅಂಬರ್' ಅಂತ ಹೆಸರಿಟ್ಟ. ಕೊನೆಗೆ ದಖನ್ನಿನಲ್ಲಿ ಅವನನ್ನು ಕೊಂಡವನು ಅಹ್ಮದ್‌ನಗರದ ಪೇಶ್ವೆ ಚಂಗೀಜ್ ಖಾನ್. ತಮಾಷೆ ಅಂದರೆ ಆ ಪೇಶ್ವೆಯೂ ಒಂದು ಕಾಲದ ಹಬಶಿ ಗುಲಾಮನೇ! ಪೇಶ್ವೆ ಸತ್ತ ಮೇಲೆ ಅಂಬರ್ ಸ್ವತಂತ್ರನಾದ, ಕೆಲಕಾಲ ಬಿಜಾಪುರದಲ್ಲೂ ನೌಕರಿ ಮಾಡಿದ. 'ಮಲಿಕ್' ಅನ್ನೋ ಬಿರುದು ಸಿಕ್ಕಿದ್ದು ಇಲ್ಲೇ. 1600ರಲ್ಲಿ ಅಹ್ಮದ್‌ನಗರ ಕೋಟೆ ಮೊಘಲರ ಪಾಲಾದಾಗ, ನಿಜಾಮಶಾಹಿ ವಂಶದ ಹುಡುಗನೊಬ್ಬನನ್ನು ಹುಡುಕಿ ಪರಂಡಾ ಕೋಟೆಯಲ್ಲಿ ಪಟ್ಟಕ್ಕೆ ಕೂರಿಸಿದ. ತನ್ನ ಮಗಳನ್ನು ಆ ಹುಡುಗನಿಗೇ ಕೊಟ್ಟು ಸುಲ್ತಾನನ ಮಾವನಾದ. ಹಿಂದಿಲ್ಲ ಮುಂದಿಲ್ಲದವನು ಬಳಗ ಕಟ್ಟಿಕೊಳ್ಳೋಕೆ ಶುರು ಮಾಡಿದ್ದು ಹೀಗೆ.

ಈಗ ನಮ್ಮೂರಿಗೆ ಬರೋಣ. ಬಿಜಾಪುರಕ್ಕೆ ಹಬಶಿಗಳು ಹೊಸಬರಲ್ಲ. ಎರಡನೇ ಇಬ್ರಾಹಿಂ 1580ರಲ್ಲಿ ಪಟ್ಟಕ್ಕೆ ಬಂದಾಗ ಒಂಬತ್ತು ವರ್ಷದ ಹುಡುಗ, ನೋಡಿಕೊಂಡವಳು ಚಾಂದ್ ಬೀಬಿ. ಮುಂದೆ 1582ರಿಂದ ಸುಮಾರು ಎಂಟು ವರ್ಷ ರಾಜ್ಯದ ಸೂತ್ರ ಹಿಡಿದವನು ದಿಲಾವರ್ ಖಾನ್ ಅನ್ನೋ ಹಬಶಿ. ಗೋಲ್ಕೊಂಡದ ಸುಲ್ತಾನನ ತಂಗಿಯನ್ನು ಇಬ್ರಾಹಿಮನಿಗೆ ತಂದುಕೊಂಡದ್ದು ಅವನ ಆಡಳಿತದ ಕಾಲದಲ್ಲೇ. ಇಷ್ಟೆಲ್ಲ ಆದ ಮೇಲೂ, ಹುಡುಗ ದೊಡ್ಡವನಾಗಿ ಅಧಿಕಾರ ಕೈಗೆ ತೆಗೆದುಕೊಂಡಾಗ ದಿಲಾವರನ ಗತಿ ಏನಾಯ್ತು? ಕಣ್ಣು ಕೀಳಿಸಿ ಸೆರೆಗೆ ಹಾಕಿದರು. ಅಧಿಕಾರವೊಂದನ್ನೇ ನಂಬಿ ಕೂರುವಂತಿಲ್ಲ ಅನ್ನೋದನ್ನು ಇಲ್ಲಿನ ಪ್ರತಿಯೊಬ್ಬ ಹಬಶಿ ಸರದಾರನೂ ಇದರಿಂದ ಕಲಿತಿರಬೇಕು ಅಂತ ನನ್ನ ಅಂದಾಜು.

ಹುಡುಗಿಯ ಅಪ್ಪ ಯಾಕೂತ್ ಖಾನ್ ಅಂಥ ಸರದಾರ. ಗುಲಾಮಗಿರಿಯಿಂದ ಬಿಡುಗಡೆಯಾದವನು, ಬಿಜಾಪುರದ ಆಸ್ಥಾನದಲ್ಲಿ ದೊಡ್ಡ ಕುಳ. ಮಲಿಕ್ ಅಂಬರನ ಮಗನಿಗೂ ಯಾಕೂತ್ ಖಾನನ ಮಗಳಿಗೂ ಸಂಬಂಧ ಕುದುರಿದ್ದು ಮೊಘಲರ ಭಯದಲ್ಲಿ. ಜಹಾಂಗೀರನ ಸೈನ್ಯ ಉತ್ತರದಿಂದ ಒತ್ತಿಕೊಂಡು ಬರ್ತಿತ್ತು. ಅಹ್ಮದ್‌ನಗರ ಬಿದ್ದರೆ ಮುಂದಿನ ಸರದಿ ಬಿಜಾಪುರ. ಹಾಗಾಗಿ ಇಬ್ರಾಹಿಂ ಅಂಬರನಿಗೆ ಕಂಧಾರ ಕೋಟೆ ಕೊಟ್ಟ (ಅಫ್ಘಾನಿಸ್ತಾನದ್ದಲ್ಲ, ನಾಂದೇಡ ಹತ್ತಿರದ್ದು!), ಕುದುರೆಪಡೆ ಕಳಿಸಿದ, ಆ ಒಪ್ಪಂದಕ್ಕೆ ಮುದ್ರೆ ಒತ್ತಿದ ಹಾಗೆ ಈ ಮದುವೆ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದರೆ ಪ್ರಾಜೆಕ್ಟಿನ ಸ್ಪಾನ್ಸರ್ ಸುಲ್ತಾನ, ಡೆಲಿವರೆಬಲ್ ಗಡಿ ರಕ್ಷಣೆ, ಮದುಮಕ್ಕಳು ಕೇವಲ ಡಿಪೆಂಡೆನ್ಸಿ :-)

ದಖನ್ನಿನಲ್ಲಿ ಇದು ಹೊಸ ಉಪಾಯವೇನಲ್ಲ. ಚಾಂದ್ ಬೀಬಿ ಅಹ್ಮದ್‌ನಗರದಿಂದ ಬಿಜಾಪುರಕ್ಕೆ ಸೊಸೆಯಾಗಿ ಬಂದಾಗ ವರದಕ್ಷಿಣೆಯಾಗಿ ಸೊಲ್ಲಾಪುರ ಬಂದಿತ್ತು. ಅದರ ಬೆನ್ನಿಗೇ 1565ರ ತಾಳಿಕೋಟೆ ಯುದ್ಧ. 1604ರಲ್ಲಿ ಇಬ್ರಾಹಿಂ ತನ್ನ ಮಗಳನ್ನು ಅಕ್ಬರನ ಮಗ ದಾನಿಯಾಲನಿಗೆ ಕೊಟ್ಟಿದ್ದ. ವ್ಯತ್ಯಾಸ ಏನಂದರೆ ಅವೆಲ್ಲ ರಾಜಮನೆತನದ ಮದುವೆಗಳು. 1609ರದ್ದು ಸಂತೆಯಲ್ಲಿ ಮಾರಾಟವಾಗಿದ್ದವರ ಮನೆ ಮದುವೆ, ಆದರೆ ಸುಲ್ತಾನನೇ ಎದ್ದು ಓಡಾಡಿದ ಮದುವೆ.

ಇಂಜಿನಿಯರ್ ಅಂದ ಮೇಲೆ ಲೆಕ್ಕ ಹಾಕದೆ ಬಿಟ್ಟರೆ ಹೇಗೆ? ಆಗಿನ ಮೊಘಲ್ ರೂಪಾಯಿಯಲ್ಲಿ ಸುಮಾರು ಹನ್ನೊಂದೂವರೆ ಗ್ರಾಂ ಬೆಳ್ಳಿ. 80,000 ರೂಪಾಯಿ ಅಂದರೆ ಹತ್ತಿರ ಹತ್ತಿರ 900 ಕಿಲೋ ಬೆಳ್ಳಿ ಆಕಾಶದಲ್ಲಿ ಸುಟ್ಟು ಬೂದಿಯಾಯ್ತು ಅಂತಾಯ್ತು. ಇನ್ನೊಂದು ಹೋಲಿಕೆ. ಇಬ್ರಾಹಿಂ ರೋಜಾಕ್ಕೆ ಆದ ಖರ್ಚು ಒಂದೂವರೆ ಲಕ್ಷದ ಒಂಬೈನೂರು ಹೊನ್ನು ಅಂತ ಅಲ್ಲಿನ ಶಾಸನವೇ ಹೇಳುತ್ತೆ. ಒಂದು ಹೊನ್ನಿಗೆ ಮೂರು ರೂಪಾಯಿ ಅಂತ ಕಮ್ಮಿ ಹಿಡಿದರೂ ನಾಲ್ಕೂವರೆ ಲಕ್ಷ ಆಯ್ತು. ಆ ಕೆತ್ತನೆ, ಆ ಮಿನಾರು, ಕಲ್ಲಿನಲ್ಲಿ ಕೊರೆದ ಆ ಅಕ್ಷರದ ಕಿಟಕಿಗಳು ಎಲ್ಲ ಸೇರಿ ಆದ ಖರ್ಚಿನ ಆರನೇ ಒಂದು ಪಾಲು ಇಲ್ಲಿ ಬಾಣಬಿರುಸಿಗೇ ಹೋಗಿತ್ತು! ಇದು ಒರಟು ಲೆಕ್ಕ, ಆದರೂ ಅಳತೆ ಸಿಗುತ್ತೆ.

ಇನ್ನು ಊರು ಹೇಗಿತ್ತು? 1604ರ ಆ ಮದುವೆಯ ಹೊತ್ತಿಗೆ ಅಕ್ಬರನ ದೂತನಾಗಿ ಬಂದಿದ್ದ ಅಸದ್ ಬೇಗ್ ನಮ್ಮ ಬಜಾರನ್ನು ನೋಡಿ ಬೆರಗಾಗಿ ಬರೆದಿದ್ದಾನೆ. ಎರಡು ಕೋಸು ಉದ್ದದ ಬೀದಿ, ಪ್ರತಿ ಅಂಗಡಿಯ ಮುಂದೆ ಹಸಿರು ಮರ, ಒಡವೆ, ಬಟ್ಟೆ, ಅತ್ತರು, ಹಣ್ಣು, ಮದ್ಯ ಹೀಗೆ ಸಾಲುಸಾಲು ಅಂಗಡಿ. (ಅಕ್ಬರನಿಗೆ ಹೊಗೆಸೊಪ್ಪು ತಗೊಂಡು ಹೋಗಿ ತೋರಿಸಿದವನೂ ಇವನೇ, ಅದೂ ಬಿಜಾಪುರದಿಂದ!) ಅದಾಗಿ ಐದೇ ವರ್ಷಕ್ಕೆ ನಮ್ಮ ಹಬಶಿ ಮದುವೆ. ಚಾಂದ್ ಬಾವಡಿ ಆಗಲೇ ಇತ್ತು, ತಾಜ್ ಬಾವಡಿ ಇನ್ನೂ ಆಗಿರಲಿಲ್ಲ, ಗೋಳಗುಮ್ಮಟದ ಜಾಗದಲ್ಲಿ ಗುಮ್ಮಟದ ಸುಳಿವೂ ಇರಲಿಲ್ಲ. ಆಸ್ಥಾನದಲ್ಲಿ ಪಾರಸಿ, ಬೀದಿಯಲ್ಲಿ ದಖನಿ, ಮರಾಠಿ, ಕನ್ನಡ. ಎಲ್ಲ ಭಾಷೆಯವರೂ ಕತ್ತೆತ್ತಿ ನೋಡಿದ್ದು ಅದೇ ಬಾಣಬಿರುಸನ್ನು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ಅಂಬರ್ ಎರಡನ್ನೂ ಮಾಡಿದ. ಮಗನ ಮದುವೆಯ ಮರುವರ್ಷ, 1610ರಲ್ಲಿ ಖಡ್ಕಿ ಅನ್ನೋ ಊರನ್ನೇ ಕಟ್ಟಿಸತೊಡಗಿದ. ಮುಂದೆ ಔರಂಗಾಬಾದ್ ಆದದ್ದು ಅದೇ. ಅವನ ಕಾಟ ತಡೆಯಲಾರದೆ ಜಹಾಂಗೀರ ಒಂದು ಚಿತ್ರ ಬರೆಸಿಕೊಂಡ. ಅದರಲ್ಲಿ ಬಾದಶಹ ಭೂಗೋಳದ ಮೇಲೆ ನಿಂತು, ಈಟಿಗೆ ಚುಚ್ಚಿದ ಅಂಬರನ ತಲೆಗೆ ಬಾಣ ಬಿಡ್ತಿದ್ದಾನೆ. ನಿಜದಲ್ಲಿ ಆ ತಲೆ ಅವನಿಗೆ ಸಿಗಲೇ ಇಲ್ಲ. ಚಿತ್ರ ಈಗ ಡಬ್ಲಿನ್‌ನ ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ.

ಆದರೆ ನೆಂಟಸ್ತನ ಉಳೀತಾ? ಇಲ್ಲ. 1624ರ ಹೊತ್ತಿಗೆ ಇಬ್ರಾಹಿಂ ಮೊಘಲರ ಜೊತೆ ಸೇರಿಕೊಂಡ. ಅಹ್ಮದ್‌ನಗರದ ಹತ್ತಿರ ಭಾತವಡಿಯಲ್ಲಿ ಅಂಬರ್ ಇಬ್ಬರ ಸೈನ್ಯವನ್ನೂ ಸೋಲಿಸಿದ. ಅಲ್ಲಿಂದ ನೇರವಾಗಿ ಬಂದದ್ದು ಬಿಜಾಪುರಕ್ಕೆ. ಇಬ್ರಾಹಿಂ ಕೋಟೆ ಬಾಗಿಲು ಹಾಕಿಕೊಂಡು ಕೂತ. ಕೋಟೆ ಬೀಳಲಿಲ್ಲ. ಆದರೆ ತೊರವಿಯ ಹತ್ತಿರ ಇಬ್ರಾಹಿಂ 1599ರಿಂದ ಆಸೆಪಟ್ಟು ಕಟ್ಟಿಸಿದ್ದ ನವರಸಪುರವನ್ನು ಅಂಬರನ ಸೈನ್ಯ ಲೂಟಿ ಮಾಡಿ ಹಾಳುಗೆಡವಿತು. ಟಿಕೋಟಾ ಕಡೆ ಹೋಗುವಾಗ ತೊರವಿಯಲ್ಲಿ ಸಂಗೀತ ಮಹಲಿನ ಪಾಳುಗೋಡೆ ನೋಡಿರ್ತೀರಿ. ಸಂಗೀತದ ಹುಚ್ಚಿನ ಸುಲ್ತಾನನ ಕನಸಿನ ಊರನ್ನು ಹಾಳು ಮಾಡಿದವನು, ಅದೇ ಸುಲ್ತಾನ ಎದುರು ನಿಂತು ಮದುವೆ ಮಾಡಿಸಿದ ಹುಡುಗನ ಅಪ್ಪ. 1626ರಲ್ಲಿ ಅಂಬರ್ ತೀರಿಕೊಂಡ, 1627ರಲ್ಲಿ ಇಬ್ರಾಹಿಂ.

ನನ್ನನ್ನು ಕಾಡೋದು ಆ ಮದುಮಗಳು. ಅವಳ ಅಪ್ಪನ ಹೆಸರಿದೆ, ಮಾವನ ಹೆಸರಿದೆ, ಬಾಣಬಿರುಸಿನ ಲೆಕ್ಕವೂ ಇದೆ. ನಾನು ಓದಿದ ಯಾವ ಪುಸ್ತಕದಲ್ಲೂ ಅವಳ ಹೆಸರು ಮಾತ್ರ ಇಲ್ಲ. 1624ರಲ್ಲಿ ಅವಳು ಬದುಕಿದ್ದರೆ, ತವರಿನ ಊರು ಕೋಟೆಯೊಳಗೆ, ಮಾವನ ಫಿರಂಗಿ ಹೊರಗೆ. ಸಮುದ್ರದಾಚೆ ಬಳಗ ಕಳಕೊಂಡು ಬಂದವರು ಇಲ್ಲಿ ಕಟ್ಟಿಕೊಂಡ ಹೊಸ ಬಳಗವನ್ನೂ ರಾಜಕಾರಣ ಹೀಗೆ ಎಳೆದಾಡಿತು.

ಹಾಗಂತ ಹಬಶಿಗಳು ನಮ್ಮೂರಿನಿಂದ ಮಾಯವಾಗಲಿಲ್ಲ. ಗೋಳಗುಮ್ಮಟದ ಮಹಮ್ಮದ್ ಆದಿಲ್ ಶಾನ ಕಾಲದಲ್ಲಿ ಇಖ್ಲಾಸ್ ಖಾನ್ ಅನ್ನೋ ಹಬಶಿ ಮಂತ್ರಿ ಎಷ್ಟು ದೊಡ್ಡವನೆಂದರೆ, ಸುಲ್ತಾನನ ಜೊತೆ ಒಂದೇ ಆನೆಯ ಮೇಲೆ ಕೂತ ಅವನ ಚಿತ್ರವೇ ಇದೆ. ಇತ್ತ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಾಡಿನ ಸಿದ್ದಿಗಳ ಕಥೆಯೇ ಬೇರೆ. ಅವರ ಹಿರಿಯರಲ್ಲಿ ಬಹಳಷ್ಟು ಮಂದಿ ಬಂದದ್ದು ಪೋರ್ಚುಗೀಸರ ಗೋವಾದಿಂದ ಅಂತಾರೆ. ಅವರ ಮದುವೆಗೆ ಯಾವ ಸುಲ್ತಾನನೂ ಬಾಣಬಿರುಸು ಹಚ್ಚಿಸಲಿಲ್ಲ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರೋಕೆ 2003ರವರೆಗೆ ಕಾಯಬೇಕಾಯ್ತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ ಆ ಸಮುದಾಯದಿಂದ ಅಲ್ಲಿಗೆ ಹೋದ ಮೊದಲಿಗರು ಅನ್ನಿಸಿಕೊಂಡರು.

ಬೆಂಗಳೂರಿನಲ್ಲಿ ಸಿದ್ದಿ ಹುಡುಗರನ್ನು ಕಂಡು "ಯಾವ ದೇಶ?" ಅಂತ ಇಂಗ್ಲಿಷಿನಲ್ಲಿ ಕೇಳುವವರನ್ನು ನಾನೇ ನೋಡಿದ್ದೀನಿ. ಅವರು ಕನ್ನಡದಲ್ಲಿ ಉತ್ತರ ಕೊಟ್ಟಾಗ ಕೇಳಿದವರ ಮುಖ ನೋಡಬೇಕು. ಅಂಥವರಿಗೆ ಈ ಮದುವೆಯ ಕಥೆ ಹೇಳಿ. ಹಬಶಿಗಳು ನಮಗೆ 1609ಕ್ಕೂ ಹಿಂದಿನಿಂದಲೇ ನೆಂಟರು. ಮತ್ತೆ ಆ ಹುಡುಗಿಯ ಹೆಸರು ನಿಮ್ಮಲ್ಲಿ ಯಾರಾದರೂ ಎಲ್ಲಾದರೂ ಓದಿದ್ದರೆ ದಯವಿಟ್ಟು ನನಗೂ ತಿಳಿಸಿ.