ಶಿಫಾರಸು ಕೇಳುವುದು ಭಿಕ್ಷೆಯಲ್ಲ



"ಯಾರ ಮುಂದೇನೂ ಕೈ ಚಾಚಬೇಡ" ಅಂತ ನಮ್ಮ ಮನೆಗಳಲ್ಲಿ ಚಿಕ್ಕಂದಿನಿಂದ ಹೇಳಿಕೊಡ್ತಾರೆ. ಜೀತ ಕಂಡವರ, ಎಸ್ಟೇಟಿನ ಪಾಡಿಗಳಲ್ಲಿ ಬದುಕು ಸವೆಸಿದವರ ಬಾಯಿಂದ ಬಂದ ಮಾತು ಅದು. ಅದರಲ್ಲಿ ಸ್ವಾಭಿಮಾನ ಇದೆ. ಆದರೆ ಇದೇ ಮಾತು ಈಗ ನಮ್ಮ ಓದುವ ಮಕ್ಕಳಿಗೆ ಒಂದು ಕಡೆ ತೊಡಕಾಗ್ತಾ ಇದೆ. "ಸರ್, ನನ್ನ ಪರವಾಗಿ ಒಂದು ಪತ್ರ ಬರೆದುಕೊಡಿ" ಅಂತ ಗುರುಗಳನ್ನು ಕೇಳೋಕೂ ನಾವು ಹಿಂಜರಿಯುತ್ತೇವೆ. ಅದೂ ಕೈ ಚಾಚಿದ ಹಾಗೆ ಅಂದುಕೊಳ್ಳುತ್ತೇವೆ.

ನಮ್ಮ ಕೇರಿಗಳಲ್ಲೂ ಈಗ ಡಾಕ್ಟರ್ ಆಗಬೇಕು ಅನ್ನುವ ಮಕ್ಕಳಿದ್ದಾರೆ. ಅದರ ದಾರಿ ಸ್ವಲ್ಪ ನೋಡಿ. ನಮ್ಮ ದೇಶದಲ್ಲಿ ಎಂಬಿಬಿಎಸ್ ಮುಗಿಸಿ ಎಂಡಿ, ಎಂಎಸ್ ಸೇರಬೇಕಾದರೆ ನೀಟ್ ಪಿಜಿ ರ‍್ಯಾಂಕ್ ಮತ್ತು ಮೀಸಲಾತಿ ಪಟ್ಟಿಯೇ ಮುಖ್ಯ, ಯಾರ ಪತ್ರವೂ ಬೇಕಾಗಿಲ್ಲ. ಅಮೇರಿಕದಲ್ಲಿ ಹಾಗಲ್ಲ. ಅಲ್ಲಿ ರೆಸಿಡೆನ್ಸಿ ಅನ್ನುವ ತರಬೇತಿಗೆ ಅರ್ಜಿ ಹಾಕುವವರು ಅಂಕಗಳ ಜೊತೆಗೆ ತಮ್ಮ ಕೆಲಸ ನೋಡಿದ ಹಿರಿಯ ಡಾಕ್ಟರುಗಳ ಪತ್ರಗಳನ್ನೂ ಕಳಿಸಬೇಕು. ಒಂದೊಂದು ಆಸ್ಪತ್ರೆಗೆ ನಾಲ್ಕು ಪತ್ರಗಳವರೆಗೆ ಕಳಿಸಬಹುದು. ಪೈಪೋಟಿ ಹೆಚ್ಚಿರುವ ವಿಭಾಗಗಳಲ್ಲಿ "ಈ ಹುಡುಗಿಯನ್ನು ತಗೊಳ್ಳಿ, ನಾನು ಬಲ್ಲೆ" ಅಂತ ಗುರುಗಳು ಫೋನ್ ಮಾಡಿ ಹೇಳುವುದೂ ಉಂಟು. ವಿದೇಶದ ಎಂಎ, ಪಿಎಚ್‌ಡಿ, ಫೆಲೋಶಿಪ್ ಅರ್ಜಿಗಳಿಗೂ ಇಂಥ ಪತ್ರ ಕೇಳ್ತಾರೆ. ಡಾಕ್ಟರ ಮನೆಯ ಮಗುವಿಗೆ ಯಾರನ್ನು ಹೇಗೆ ಕೇಳಬೇಕು ಅನ್ನೋದು ಊಟದ ಹೊತ್ತಿಗೇ ಗೊತ್ತಾಗಿರುತ್ತೆ. ನಮಗೆ ಹೇಳಿಕೊಡುವವರು ಯಾರು? ನಮಗೆ ಹೇಳಿಕೊಡಲು ನಮ್ಮ ಚರಿತ್ರೆ ಇದೆ. ಅದಕ್ಕೇ ಈ ಬರಹ.

ಮೊದಲು ಒಬ್ಬ ಡಾಕ್ಟರ ಕಥೆ. ಆಗ ನಮ್ಮ ವಯನಾಡು ಮದ್ರಾಸ್ ಪ್ರಾಂತ್ಯದ ಮಲಬಾರ್ ಜಿಲ್ಲೆಯಲ್ಲಿತ್ತು. ದಕ್ಷಿಣದ ತಿರುವಾಂಕೂರು ರಾಜರ ಸಂಸ್ಥಾನ. ಅಲ್ಲಿ 1863ರಲ್ಲಿ ಈಳವ ಕುಟುಂಬವೊಂದರಲ್ಲಿ ಪಲ್ಪು ಹುಟ್ಟಿದರು. ಈಳವರನ್ನೂ ಆಗ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ಪಲ್ಪು ನಾಲ್ಕನೇ ಸ್ಥಾನ ಪಡೆದರು. ಆದರೂ ಜಾತಿಯ ಕಾರಣಕ್ಕೆ ಸೀಟು ಸಿಗಲಿಲ್ಲ. ಮದ್ರಾಸಿಗೆ ಹೋಗಿ ಕಷ್ಟಪಟ್ಟು ವೈದ್ಯ ಪದವಿ ಪಡೆದು ಬಂದರು. ಆಗಲೂ ಸ್ವಂತ ನಾಡಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಕೊಡಲಿಲ್ಲ. ಅವರಿಗೆ ಕೆಲಸ ಕೊಟ್ಟದ್ದು ನಮ್ಮ ಮುತ್ತಂಗ ಕಾಡಿನ ಆಚೆಯ ಮೈಸೂರು ಸಂಸ್ಥಾನ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಜನ ಊರು ಬಿಟ್ಟು ಓಡುತ್ತಿದ್ದರು. ಡಾ. ಪಲ್ಪು ಅಲ್ಲೇ ನಿಂತು ರೋಗಿಗಳನ್ನು ನೋಡಿದರು.

ಇಲ್ಲಿ ಒಂದು ಮಾತು ಗಮನಿಸಿ. ಪಲ್ಪು ಅವರಿಗೆ ಅಂಕ ಇತ್ತು, ಆಮೇಲೆ ಪದವಿಯೂ ಇತ್ತು. ತಿರುವಾಂಕೂರಿನ ಕಚೇರಿಯೊಳಗೆ "ಈ ಹುಡುಗನನ್ನು ಸೇರಿಸಿಕೊಳ್ಳಿ" ಅಂತ ಗಟ್ಟಿಯಾಗಿ ಹೇಳಿ ಗೆಲ್ಲುವ ದನಿ ಇರಲಿಲ್ಲ. ಅದು ಅವರ ತಪ್ಪಲ್ಲ. ಆ ಅನುಭವದಿಂದ ಅವರು ಎರಡು ಕೆಲಸ ಮಾಡಿದರು. ಒಂದು, 1896ರಲ್ಲಿ 13,176 ಜನರ ಸಹಿ ಹಾಕಿಸಿ, ಶಾಲೆ ಮತ್ತು ಸರ್ಕಾರಿ ಕೆಲಸ ನಮ್ಮವರಿಗೂ ಬೇಕು ಅಂತ ಮಹಾರಾಜರಿಗೆ ಮನವಿ ಕೊಟ್ಟರು. ಇನ್ನೊಂದು, ನಾರಾಯಣ ಗುರುಗಳು ಒಬ್ಬ ಬಡ ಹುಡುಗನ ಬಗ್ಗೆ ಹೇಳಿ ಕಳಿಸಿದಾಗ ಅವನನ್ನು ಬೆಂಗಳೂರಿನ ತಮ್ಮ ಮನೆಯಲ್ಲೇ ಇಟ್ಟುಕೊಂಡು ಸಂಸ್ಕೃತ ಓದಿಸಿದರು. ಆ ಹುಡುಗನೇ ಮುಂದೆ ಮಲಯಾಳದ ಮಹಾಕವಿ ಕುಮಾರನ್ ಆಶಾನ್. ಗುರುಗಳ ಒಂದು ಮಾತು, ಡಾಕ್ಟರ ಮನೆಯ ಒಂದು ಕೋಣೆ, ಇವೆರಡು ಸೇರಿ ಒಬ್ಬ ಕವಿಯನ್ನು ಕೊಟ್ಟವು. 1903ರಲ್ಲಿ ಎಸ್‌ಎನ್‌ಡಿಪಿ ಯೋಗಂ ಶುರುವಾದಾಗ ಆಶಾನ್ ಅದರ ಮೊದಲ ಕಾರ್ಯದರ್ಶಿಯಾದರು.

ಅದೇ ತಿರುವಾಂಕೂರಿನಲ್ಲಿ ಈಳವರಿಗಿಂತಲೂ ಕೆಳಗೆ ತುಳಿಸಿಕೊಂಡಿದ್ದವರು ಪುಲಯರು. ಅವರ ನಾಯಕ ಅಯ್ಯಂಕಾಳಿಗೆ ಶಾಲೆಯ ಓದೇ ಇರಲಿಲ್ಲ. ರಾಜರ ಪ್ರಜಾಸಭೆಯಲ್ಲಿ ಪುಲಯರ ಪರವಾಗಿ ಮೊದಲು ಮಾತಾಡಿದವರು 'ಸುಭಾಷಿಣಿ' ಪತ್ರಿಕೆಯ ಸಂಪಾದಕ ಪಿ.ಕೆ. ಗೋವಿಂದ ಪಿಳ್ಳೆ. ಅವರು ಆ ಜಾಗವನ್ನು ತಾವೇ ಇಟ್ಟುಕೊಂಡು ಕೂರಲಿಲ್ಲ. ಪುಲಯರ ಮಾತನ್ನು ಪುಲಯರೇ ಹೇಳಬೇಕು, ಅವರಲ್ಲೊಬ್ಬರನ್ನು ಸಭೆಗೆ ಸೇರಿಸಿ ಅಂತ ಕೇಳಿದರು. 1911ರ ಕೊನೆಗೆ ಅಯ್ಯಂಕಾಳಿ ಸದಸ್ಯರಾದರು. ನಮ್ಮ ಪರವಾಗಿ ಮಾತಾಡುವವರು ಹೇಗಿರಬೇಕು ಅನ್ನೋದಕ್ಕೆ ಇದು ಒಳ್ಳೆಯ ಉದಾಹರಣೆ. ಬಾಗಿಲು ತೆಗೆಸಿ ಆಮೇಲೆ ದಾರಿ ಬಿಟ್ಟು ನಿಲ್ಲಬೇಕು. 1937ರಲ್ಲಿ ಗಾಂಧೀಜಿ ವೆಂಙಾನೂರಿಗೆ ಬಂದಾಗ ಅಯ್ಯಂಕಾಳಿ ಹೇಳಿಕೊಂಡ ಆಸೆ ಏನು ಗೊತ್ತೇ? ತಾನು ಸಾಯುವ ಮೊದಲು ತನ್ನ ಸಮುದಾಯದಲ್ಲಿ ಹತ್ತು ಜನ ಬಿಎ ಆಗಿರೋದನ್ನು ನೋಡಬೇಕು ಅಂತ. ಬಿಎ ಓದುತ್ತಿರುವ ನನಗೆ ಆ ಹತ್ತು ಅನ್ನುವ ಲೆಕ್ಕ ಮರೆಯೋಕೆ ಆಗಲ್ಲ.

ಇನ್ನು ಬಾಬಾಸಾಹೇಬರು. ಅವರು ಒಬ್ಬರೇ ಹೋರಾಡಿ ಮೇಲೆ ಬಂದರು ಅಂತ ಭಾಷಣಗಳಲ್ಲಿ ಹೇಳ್ತೀವಿ. ಹೋರಾಟ ನಿಜ, ಒಬ್ಬರೇ ಅನ್ನೋದು ಪೂರ್ತಿ ನಿಜವಲ್ಲ. ಮುಂಬೈಯಲ್ಲಿ ಉದ್ಯಾನವನದಲ್ಲಿ ಕೂತು ಓದುತ್ತಿದ್ದ ಹುಡುಗ ಭೀಮರಾವನನ್ನು ಕೃಷ್ಣಾಜಿ ಅರ್ಜುನ್ ಕೇಳುಸ್ಕರ್ ಎಂಬ ಮೇಷ್ಟ್ರು ಗಮನಿಸಿದ್ದರು. 1907ರಲ್ಲಿ ಹುಡುಗ ಮೆಟ್ರಿಕ್ ಪಾಸಾದಾಗ ತಾವು ಮರಾಠಿಯಲ್ಲಿ ಬರೆದ ಬುದ್ಧನ ಚರಿತ್ರೆಯನ್ನು ಉಡುಗೊರೆ ಕೊಟ್ಟರು. ಕಾಲೇಜಿನ ಖರ್ಚಿಗೆ ಮನೆಯಲ್ಲಿ ಕೈ ಸಾಲದಾದಾಗ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ಹತ್ತಿರ ಹೋಗಿ ಅವನ ಪರವಾಗಿ ಮಾತಾಡಿದವರೂ ಅವರೇ. ಮಹಾರಾಜರು ಹುಡುಗನನ್ನು ಕರೆಸಿ ಪ್ರಶ್ನೆ ಕೇಳಿದರು. ಉತ್ತರ ಒಪ್ಪಿಗೆಯಾದ ಮೇಲೆ ತಿಂಗಳಿಗೆ 25 ರೂಪಾಯಿ ಮಂಜೂರಾಯಿತು. ಅಂದರೆ ಕೇಳುಸ್ಕರರ ಮಾತು ಹುಡುಗನನ್ನು ಬಾಗಿಲ ತನಕ ಕರೆದುಕೊಂಡು ಹೋಯಿತು. ಒಳಗೆ ಉತ್ತರ ಹೇಳಿದ್ದು ಹುಡುಗನೇ.

1913ರಲ್ಲಿ ಅದೇ ಬರೋಡದ ವಿದ್ಯಾರ್ಥಿವೇತನದಿಂದ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಅಲ್ಲಿಂದ ಲಂಡನ್ನಿಗೆ ಹೋಗಬೇಕಾದಾಗ ಗುರು ಸೆಲಿಗ್ಮನ್ ಲಂಡನ್ನಿನ ಪ್ರಾಧ್ಯಾಪಕರಿಗೆ ಪರಿಚಯದ ಪತ್ರ ಬರೆದರು. 1917ರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿದು ಓದು ಅರ್ಧಕ್ಕೇ ನಿಂತಿತು. ಆಗ ಪ್ರಾಧ್ಯಾಪಕ ಎಡ್ವಿನ್ ಕ್ಯಾನನ್ ಅವರ ನೆರವಿನಿಂದ, ನಾಲ್ಕು ವರ್ಷದೊಳಗೆ ವಾಪಸ್ ಬಂದು ಓದು ಮುಂದುವರಿಸಲು ಅನುಮತಿ ಸಿಕ್ಕಿತು. 1920ರಲ್ಲಿ ಹೋದರು, 1923ರಲ್ಲಿ ಡಿಎಸ್ಸಿ ಪಡೆದರು. ಆ ವರ್ಷ ಬಂದ ರೂಪಾಯಿ ಸಮಸ್ಯೆಯ ಪುಸ್ತಕಕ್ಕೆ ಮುನ್ನುಡಿ ಬರೆದವರು ಇದೇ ಕ್ಯಾನನ್. ಬಾಬಾಸಾಹೇಬರ ವಾದ ಎಲ್ಲವನ್ನೂ ಅವರು ಒಪ್ಪಿರಲಿಲ್ಲ, ಅದನ್ನು ಮುನ್ನುಡಿಯಲ್ಲೇ ಹೇಳಿದರು. ಆದರೂ ಬರೆದುಕೊಟ್ಟರು. ಪರವಾಗಿ ನಿಲ್ಲುವವರು ನಮ್ಮ ಎಲ್ಲ ಮಾತಿಗೂ ತಲೆಯಾಡಿಸಬೇಕಾಗಿಲ್ಲ ಅಂತ ಇದರಿಂದ ತಿಳಿಯುತ್ತೆ.

ಆದರೆ ಶಿಫಾರಸಿಗೂ ಒಂದು ಮಿತಿ ಇದೆ. 1917ರಲ್ಲಿ ಅದೇ ಬರೋಡಕ್ಕೆ ಅವರು ಕೆಲಸಕ್ಕೆ ಹೋದಾಗ ಮಹಾರಾಜರೇ ಬೆನ್ನಿಗಿದ್ದರು. ಆದರೂ ಊರಲ್ಲಿ ಇರೋಕೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಒಂದು ವಸತಿಗೃಹದಲ್ಲಿದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ದೊಡ್ಡವರ ಒಳ್ಳೆಯ ಮನಸ್ಸು ಒಬ್ಬನನ್ನು ಓದಿಸಬಹುದು, ಊರಿನ ನಡತೆ ಬದಲಿಸಲಾರದು. ಅದಕ್ಕೆ ಕಾನೂನು ಬೇಕು, ಹಕ್ಕು ಬೇಕು. ಇದನ್ನು ಅವರಿಗಿಂತ ಚೆನ್ನಾಗಿ ತಿಳಿದವರು ಯಾರು? ಅವರು ವೈಸರಾಯ್ ಸರ್ಕಾರದಲ್ಲಿ ಸದಸ್ಯರಾಗಿದ್ದಾಗ ಪರಿಶಿಷ್ಟ ಜಾತಿಯವರ ಓದಿಗೆ ಹಣ ಕೇಳಿ ಪಟ್ಟು ಹಿಡಿದರು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಶುರುವಾಯಿತು. ಇವತ್ತು ಇ-ಗ್ರಾಂಟ್ಸ್ ಅಂತ ನಮ್ಮ ಖಾತೆಗೆ ಬರುವ ಹಣದ ಬೇರು ಅಲ್ಲಿದೆ. ಕೇಳುಸ್ಕರ್ ಒಬ್ಬ ಹುಡುಗನಿಗಾಗಿ ಕೇಳಿದರು, ಆ ಹುಡುಗ ಬೆಳೆದು ಎಲ್ಲರಿಗಾಗಿ ಕೇಳಿದ.

ನಮ್ಮ ಕೇರಳದ್ದೇ ಇನ್ನೊಂದು ಕಥೆ ಇದೆ. ಕೋಟ್ಟಯಂ ಜಿಲ್ಲೆಯ ಉಳವೂರಿನ ಕೆ.ಆರ್. ನಾರಾಯಣನ್ 1943ರಲ್ಲಿ ಇಂಗ್ಲಿಷ್ ಎಂಎಯಲ್ಲಿ ಮೊದಲ ಸ್ಥಾನ ಪಡೆದರು. ಆದರೂ ತಿರುವಾಂಕೂರಿನಲ್ಲಿ ಬಯಸಿದ ಅಧ್ಯಾಪಕ ಹುದ್ದೆ ಸಿಗಲಿಲ್ಲ. ಟಾಟಾ ವಿದ್ಯಾರ್ಥಿವೇತನ ಪಡೆದು ಲಂಡನ್ನಿಗೆ ಹೋಗಿ ಹೆರಾಲ್ಡ್ ಲಾಸ್ಕಿಯವರ ಶಿಷ್ಯರಾದರು. ಓದು ಮುಗಿದಾಗ ಲಾಸ್ಕಿ ತಾವಾಗಿಯೇ ನೆಹರೂ ಅವರಿಗೆ ಒಂದು ಪತ್ರ ಬರೆದು ಕೈಗೆ ಕೊಟ್ಟರು. 1948ರಲ್ಲಿ ದೆಹಲಿಯಲ್ಲಿ ನೆಹರೂ ಭೇಟಿಗೆ ಹೋದ ನಾರಾಯಣನ್ ಪತ್ರವನ್ನು ಮೊದಲು ತೆಗೆಯಲಿಲ್ಲ. ಲಂಡನ್ ಬಗ್ಗೆ ಮಾತಾಡಿದರು. ಎದ್ದು ಹೊರಡುವಾಗ ಪತ್ರ ಕೊಟ್ಟು ಹೊರಗೆ ಬಂದರು. ಓಣಿಯಲ್ಲಿ ಅರ್ಧ ದಾರಿ ಹೋಗಿದ್ದರು, ಹಿಂದಿನಿಂದ ಚಪ್ಪಾಳೆ ಕೇಳಿಸಿತು. ಪತ್ರ ಓದಿದ ನೆಹರೂ ವಾಪಸ್ ಕರೆಯುತ್ತಿದ್ದರು, ಇದನ್ನು ಮೊದಲೇ ಯಾಕೆ ಕೊಡಲಿಲ್ಲ ಅಂತ ಕೇಳಿದರು. ಮರುವರ್ಷ ನಾರಾಯಣನ್ ವಿದೇಶಾಂಗ ಸೇವೆ ಸೇರಿದರು. 1997ರಲ್ಲಿ ರಾಷ್ಟ್ರಪತಿಯಾದರು. ಆ ಪತ್ರ ಜೇಬಿನಲ್ಲೇ ಉಳಿದಿದ್ದರೆ ಏನಾಗುತ್ತಿತ್ತೋ, ಯೋಚನೆ ಮಾಡಿ.

ಓದುಗರೇ, ಈ ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಕೇಳುವ ರೀತಿಯೂ ತಿಳಿಯುತ್ತೆ. ಒಂದನೇದು, ನಿಮ್ಮ ಕೆಲಸವನ್ನು ಕಣ್ಣಾರೆ ನೋಡಿದವರನ್ನು ಕೇಳಿ. ಹೆಸರು ದೊಡ್ಡದು ಅಂತ ನಿಮ್ಮ ಮುಖವೇ ತಿಳಿಯದವರ ಹತ್ತಿರ ಹೋಗಬೇಡಿ. ಎರಡನೇದು, ಕೊನೆ ದಿನದ ತನಕ ಕಾಯಬೇಡಿ. ಒಂದೆರಡು ತಿಂಗಳು ಮೊದಲೇ ಕೇಳಿ. ಅಂಕಪಟ್ಟಿ, ನೀವು ಮಾಡಿದ ಕೆಲಸ, ಯಾವ ಕೋರ್ಸು, ಕೊನೆಯ ದಿನಾಂಕ, ಎಲ್ಲಾ ಒಂದು ಹಾಳೆಯಲ್ಲಿ ಬರೆದುಕೊಡಿ. ಮೂರನೇದು, "ನನ್ನ ಬಗ್ಗೆ ಒಳ್ಳೆಯದಾಗಿ ಬರೆಯೋಕೆ ಆಗುತ್ತಾ ಸರ್?" ಅಂತ ನೇರವಾಗಿ ಕೇಳಿ. ಅವರು ಹಿಂದೆ ಮುಂದೆ ನೋಡಿದರೆ ಬೇರೆಯವರನ್ನು ಕೇಳಿ. ಒಪ್ಪಿದವರಿಗೆ ಫಲಿತಾಂಶ ತಿಳಿಸೋದನ್ನೂ ಮರೀಬೇಡಿ. ನಾಲ್ಕನೇದು, ಸಂಕೋಚ ಬಿಡಿ. ಓದಿಸಿದ ಮೇಷ್ಟ್ರಿಗೆ ನಮ್ಮ ಪರವಾಗಿ ಹೇಳುವುದೂ ಅವರ ಕೆಲಸದ ಒಂದು ಭಾಗ.

ಮೇಷ್ಟ್ರುಗಳಿಗೂ, ಕೆಲಸದಲ್ಲಿರುವ ನಮ್ಮ ಅಣ್ಣ ಅಕ್ಕಂದಿರಿಗೂ ಒಂದು ಮಾತು. ಸೀಟು ಸಿಕ್ಕಿದ ಮೇಲೂ ನಮ್ಮ ಮಕ್ಕಳಿಗೆ ನಿಮ್ಮ ದನಿ ಬೇಕು. 2019ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ಆದಿವಾಸಿ ಸಮುದಾಯದ ಯುವ ವೈದ್ಯೆ ಡಾ. ಪಾಯಲ್ ತಡ್ವಿ ತೀರಿಕೊಂಡರು. ಪಿಜಿ ಓದುತ್ತಿದ್ದ ಅವರಿಗೆ ಜಾತಿ ಹಿಡಿದು ಕಿರುಕುಳ ಕೊಟ್ಟರು ಅನ್ನುವುದು ಮನೆಯವರ ಆರೋಪ, ವಿಷಯ ಕೋರ್ಟಿಗೆ ಹೋಯಿತು. ಸೀಟನ್ನು ಆಕೆ ಓದಿ ಪಡೆದಿದ್ದರು. ಅಂಥ ಮಗು ಕಷ್ಟದಲ್ಲಿದ್ದಾಗ "ಇವಳು ನಮ್ಮವಳು" ಅಂತ ಅಧಿಕಾರದಲ್ಲಿರುವ ಒಬ್ಬ ಹಿರಿಯರು ಗಟ್ಟಿಯಾಗಿ ಹೇಳುವುದು ಪತ್ರಕ್ಕಿಂತ ದೊಡ್ಡ ಶಿಫಾರಸು.

ಹಿರಿಯರೇ ಆಗಬೇಕು ಅಂತಲೂ ಇಲ್ಲ. ನಮ್ಮದೇ ಜಿಲ್ಲೆಯ ಪೊಳುದನದ ಕುರಿಚ್ಯ ಸಮುದಾಯದ ಶ್ರೀಧನ್ಯಾ ಸುರೇಶ್ ಸಿವಿಲ್ ಸರ್ವಿಸ್ ಸಂದರ್ಶನಕ್ಕೆ ದೆಹಲಿಗೆ ಹೋಗಬೇಕಾದಾಗ ಕೈಯಲ್ಲಿ ದುಡ್ಡಿರಲಿಲ್ಲ. ಗೆಳೆಯರೇ ಸೇರಿಸಿ ಕೊಟ್ಟರು. 2019ರಲ್ಲಿ 410ನೇ ರ‍್ಯಾಂಕ್ ಬಂತು. ಒಂದು ಯುವಜನ ಸಂಘ ಇರೋದು ಇಂಥದ್ದಕ್ಕೇ. ನಮ್ಮಲ್ಲಿ ಯಾರು ಏನು ಓದುತ್ತಿದ್ದಾರೆ, ಯಾರಿಗೆ ಯಾವ ಪತ್ರ ಬೇಕು, ಯಾವ ಮೇಷ್ಟ್ರನ್ನು ಕೇಳಬಹುದು, ಜೊತೆಗೆ ಹೋಗುವವರು ಯಾರು, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡೋಣ. ಮುಂದಿನ ವಾರ್ಷಿಕೋತ್ಸವದ ಹೊತ್ತಿಗೆ ಆ ನೋಟ್‌ಬುಕ್ಕಿನಲ್ಲಿ ಹತ್ತು ಹೆಸರಾದರೂ ಇರಲಿ.