ಒಂದು ಊರು, ಹಲವು ವಿಳಾಸ

ಶಿವನಸಮುದ್ರದ ಬಳಿ ಕಾವೇರಿ ಎರಡು ಕವಲಾಗಿ ಒಡೆದು, ನಡುವೆ ಒಂದು ನಡುಗಡ್ಡೆಯನ್ನು ಬಿಟ್ಟು, ಒಂದು ಕಡೆ ಗಗನಚುಕ್ಕಿಯಾಗಿಯೂ ಇನ್ನೊಂದು ಕಡೆ ಭರಚುಕ್ಕಿಯಾಗಿಯೂ ಧುಮುಕಿ, ಕೆಳಗೆ ಮತ್ತೆ ಒಂದಾಗುತ್ತದೆ. ಇದು ಪ್ರವಾಸಿಗರೆಲ್ಲರೂ ಬಲ್ಲ ಸಂಗತಿ. ನದಿಯಂತೆಯೇ ಆ ಊರಿನ ವಿಳಾಸವೂ ಕವಲೊಡೆದಿದೆಯೆಂಬುದು ಅಲ್ಲಿಗೆ ಕಾಗದ ಬರೆಯುವವರಿಗೆ ಮಾತ್ರ ಗೊತ್ತು. ಎಡದಂಡೆಯ ವಿದ್ಯುದಾಗಾರ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿಗೆ ಸೇರಿದ್ದು. ರಂಗನಾಥ, ಸೋಮೇಶ್ವರರ ಗುಡಿಗಳಿರುವ ನಡುಗಡ್ಡೆ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದ್ದು.

ಇದಕ್ಕೆ ಇತಿಹಾಸವೇ ಕಾರಣ. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಕೊಳ್ಳೇಗಾಲದ ಸೀಮೆ ಇಂಗ್ಲಿಷರ ಪಾಲಾಗಿ, ಮುಂದೆ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಯ ಭಾಗವಾಯಿತು. ಎಡದಂಡೆಯಾದರೋ ಮೈಸೂರು ಸಂಸ್ಥಾನದಲ್ಲಿಯೇ ಉಳಿಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾದಾಗ ಎಡದಂಡೆಯ ಜಿಲ್ಲೆ ಬದಲಾಯಿತು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದಾಗ ನಡುಗಡ್ಡೆಯ ರಾಜ್ಯವೂ ಜಿಲ್ಲೆಯೂ ಒಟ್ಟಿಗೆ ಬದಲಾದವು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವೆಂದಾಯಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ಹುಟ್ಟಿತು. ಸಣ್ಣಪುಟ್ಟ ಬದಲಾವಣೆಗಳನ್ನು ಬಿಟ್ಟು ಲೆಕ್ಕ ಹಾಕಿದರೂ ಇಪ್ಪತ್ತನೆಯ ಶತಮಾನವೊಂದರಲ್ಲಿಯೇ ಎಡದಂಡೆಗೆ ಮೂರು, ನಡುಗಡ್ಡೆಗೆ ನಾಲ್ಕು, ಒಟ್ಟು ಏಳು ವಿಳಾಸಗಳಾದವು. ಅಲ್ಲಿನ ಒಂದು ಬಂಡೆಯೂ ತನ್ನ ಸ್ಥಳದಿಂದ ಕದಲಲಿಲ್ಲ.

ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಕಚೇರಿಗಳ ಇ-ಮೇಲ್ ವ್ಯವಸ್ಥೆಯಲ್ಲಿರುವ ವಿಳಾಸಪುಸ್ತಕವನ್ನು ಕುರಿತು. ಅದರಲ್ಲಿ ಹೆಸರನ್ನು ಹುಡುಕಿದರೆ ಸಿಗದಿರುವುದು, ಸಿಕ್ಕರೂ ಬರೆದ ಕಾಗದ ತಿರುಗಿ ಬರುವುದು, ಒಬ್ಬರಿಗೆ ಬರೆದದ್ದು ಇನ್ನೊಬ್ಬರಿಗೆ ಮುಟ್ಟುವುದು, ಇವು ಇಂದು ಕಚೇರಿಯಲ್ಲಿ ದುಡಿಯುವ ಎಲ್ಲರ ಅನುಭವ. ಇದನ್ನು ಯಂತ್ರದ ದೋಷವೆಂದು ಬಗೆದು ನಾವು ತಂತ್ರಜ್ಞರನ್ನು ಕರೆಯುತ್ತೇವೆ. ಆದರೆ ಇದು ಯಂತ್ರಕ್ಕಿಂತ ಬಹಳ ಹಳೆಯ ತೊಡಕು. ಹೆಸರಿಗೂ ನೆಲೆಗೂ ಇರುವ ನಂಟು ಸಡಿಲವಾದಾಗಲೆಲ್ಲ ಅದು ತಲೆದೋರಿದೆ. ಅದನ್ನು ವಿವರಿಸಲು ಶಿವನಸಮುದ್ರಕ್ಕಿಂತ ಒಳ್ಳೆಯ ನಿದರ್ಶನ ನನಗೆ ಕಾಣದು.

1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ಸಂಕಲ್ಪ, ಎಂಜಿನಿಯರ್ ಡಿ ಲಾಟ್ಬಿನಿಯರ್ ಅವರ ಯೋಜನೆ. ದೂರ ಸುಮಾರು 92 ಮೈಲಿ. ಅಷ್ಟು ದೂರ ವಿದ್ಯುತ್ತನ್ನು ಸಾಗಿಸಿದ ಮಾರ್ಗಗಳು ಆಗ ಪ್ರಪಂಚದಲ್ಲಿಯೇ ವಿರಳ. ಆ ವಿದ್ಯುತ್ತು ಒಂದು ದಿನವೂ ವಿಳಾಸ ತಪ್ಪಿ ಬೇರೆ ಊರಿಗೆ ಹೋಗಲಿಲ್ಲ. ತಂತಿಗೆ ಎರಡೇ ತುದಿ. ಒಂದು ತುದಿಯಲ್ಲಿ ಹಾಕಿದ್ದು ಇನ್ನೊಂದರಲ್ಲಿ ಬರಲೇಬೇಕು. ತುದಿಗಳು ನೂರಾಗಿ, ಸಾವಿರವಾಗಿ, ಯಾವ ತುದಿಯೆಂದು ಹೆಸರು ಹೇಳಿ ಕರೆಯಬೇಕಾದಾಗ ಮಾತ್ರ ಪಟ್ಟಿ ಬೇಕಾಗುತ್ತದೆ. ಪಟ್ಟಿ ಹುಟ್ಟಿದ ದಿನವೇ ತಪ್ಪೂ ಹುಟ್ಟುತ್ತದೆ.

1878ರಲ್ಲಿ ಅಮೆರಿಕದ ನ್ಯೂ ಹೇವನ್ ಎಂಬ ಊರಿನಲ್ಲಿ ಹೊರಟ ಮೊದಲ ದೂರವಾಣಿ ಪಟ್ಟಿ ಒಂದೇ ಹಾಳೆಯದು. ಐವತ್ತು ನಮೂದುಗಳು ಅದರಲ್ಲಿದ್ದವು. ಅಷ್ಟನ್ನು ತಿದ್ದುವುದು ದೊಡ್ಡ ಕೆಲಸವಲ್ಲ. ನಮ್ಮ ಹಳ್ಳಿಯ ಶಾನುಭೋಗರ ಕಡತವೂ ಅಂಥದೇ. ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಗಟ್ಟಿಮಾಡಿದ ಆ ಬಟ್ಟೆಯ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದಾಗ ಒರೆಸಿ ಮತ್ತೆ ಬರೆಯಬಹುದಾಗಿತ್ತು. ಊರಿಗೆಲ್ಲ ಒಂದೇ ಪುಸ್ತಕ. ಅದನ್ನು ತಿದ್ದಿದರೆ ಊರಿನ ಲೆಕ್ಕವೇ ತಿದ್ದಿದಂತೆ. ತೊಂದರೆ ಆರಂಭವಾಗುವುದು ಪುಸ್ತಕಕ್ಕೆ ಪ್ರತಿಗಳಾದಾಗ. ಮೂಲದಲ್ಲಿ ಮಾಡಿದ ತಿದ್ದುಪಡಿ ಪ್ರತಿಗೆ ತಾನಾಗಿ ಹೋಗುವುದಿಲ್ಲ.

ಗಣಕಯಂತ್ರಗಳ ಜಾಲದಲ್ಲಿಯೂ ಹೀಗೆಯೇ ನಡೆಯಿತು. 1971ರಲ್ಲಿ ರೇ ಟಾಮ್ಲಿನ್‌ಸನ್ ವ್ಯಕ್ತಿಯ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ ‘ಅಟ್’ ಚಿಹ್ನೆಯನ್ನಿಟ್ಟು ಇ-ಮೇಲ್ ವಿಳಾಸಕ್ಕೆ ಇಂದಿನ ರೂಪ ಕೊಟ್ಟರು. ಯಾವ ಯಂತ್ರ ಎಲ್ಲಿದೆಯೆಂಬ ಪಟ್ಟಿಯನ್ನು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಇಡುತ್ತಿತ್ತು. ಹೊಸ ಯಂತ್ರ ಬಂದರೆ ಆ ತಂಡಕ್ಕೆ ತಿಳಿಸಬೇಕು. ಅವರು ಪಟ್ಟಿಯಲ್ಲಿ ಸೇರಿಸಬೇಕು. ಉಳಿದ ಯಂತ್ರಗಳೆಲ್ಲ ಆ ಪಟ್ಟಿಯನ್ನು ನಕಲು ಮಾಡಿಕೊಳ್ಳಬೇಕು. ಜಾಲ ಬೆಳೆದಂತೆ ನಕಲುಗಳು ಹಿಂದೆ ಬಿದ್ದವು. 1983ರಲ್ಲಿ ಪಾಲ್ ಮೋಕಪೆಟ್ರಿಸ್ ಇದಕ್ಕೊಂದು ಪರಿಹಾರ ಸೂಚಿಸಿದರು. ಒಬ್ಬರೇ ಎಲ್ಲ ಹೆಸರುಗಳನ್ನು ಕಾಯುವುದು ಬೇಡ, ಅವರವರ ಸೀಮೆಯ ಹೆಸರುಗಳನ್ನು ಅವರವರೇ ಕಾಯಲಿ ಎಂಬುದು ಅದರ ಒಂದು ಭಾಗ. ಇತರರು ಇಟ್ಟುಕೊಳ್ಳುವ ಪ್ರತಿಗೆ ಇಂತಿಷ್ಟು ಹೊತ್ತು ಮಾತ್ರ ಬೆಲೆ, ಅವಧಿ ಮುಗಿದ ಮೇಲೆ ಮತ್ತೆ ಮೂಲವನ್ನೇ ಕೇಳಬೇಕು ಎಂಬುದು ಇನ್ನೊಂದು. ಈ ಎರಡನೆಯ ಮಾತು ಬಹು ಮುಖ್ಯವಾದದ್ದು. ಪ್ರತಿ ಹಳತಾಗುವುದನ್ನು ತಡೆಯಲಾಗದೆಂದು ಒಪ್ಪಿಕೊಂಡು, ಅದಕ್ಕೆ ಆಯುಷ್ಯವನ್ನು ನಿಗದಿ ಮಾಡುವುದು ವಿವೇಕದ ದಾರಿ.

1988ರಲ್ಲಿ ಎಕ್ಸ್ 500 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂದಿತು. ಜಗತ್ತಿನ ಜನರೆಲ್ಲರಿಗೂ ಒಂದೇ ವಿಳಾಸಪುಸ್ತಕವೆಂಬ ದೊಡ್ಡ ಕನಸು ಅದರ ಹಿಂದಿತ್ತು. ಮೊದಲು ದೇಶ, ಅದರೊಳಗೆ ಸಂಸ್ಥೆ, ಸಂಸ್ಥೆಯೊಳಗೆ ವಿಭಾಗ, ವಿಭಾಗದೊಳಗೆ ವ್ಯಕ್ತಿ; ಇವೆಲ್ಲವನ್ನೂ ಪೋಣಿಸಿದರೆ ಆ ವ್ಯಕ್ತಿಯ ಪೂರ್ಣ ನಾಮ. ಅದು ಬಹು ಭಾರವಾದ ವ್ಯವಸ್ಥೆಯಾದುದರಿಂದ 1993ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಅದರ ಹಗುರವಾದ ರೂಪವೊಂದನ್ನು ರಚಿಸಿದರು. ಇಂದಿಗೂ ಎಷ್ಟೋ ಕಚೇರಿಗಳ ವಿಳಾಸಪುಸ್ತಕ ಈ ವಂಶಕ್ಕೇ ಸೇರಿದ್ದು. ರಾಜ್ಯ, ಜಿಲ್ಲೆ, ತಾಲ್ಲೂಕು, ಊರು ಎಂದು ನಾವು ಲಕೋಟೆಯ ಮೇಲೆ ಬರೆಯುವ ಕ್ರಮವೂ ಇದೇ ಅಲ್ಲವೆ? ನೆಲೆಯೇ ಹೆಸರಿನ ಅಂಗವಾದರೆ ಒಂದು ಅಪಾಯವುಂಟು. ಜಿಲ್ಲೆ ಬದಲಾದರೆ ಊರಿನ ಪೂರ್ಣ ನಾಮವೇ ಬದಲಾಗುತ್ತದೆ. ಊರು ಅಲ್ಲಿಯೇ ಇದ್ದರೂ ಹಳೆಯ ಹೆಸರಿನಿಂದ ಕರೆದವರಿಗೆ ಅದು ಓಗೊಡುವುದಿಲ್ಲ.

ನಾನು ಕೆಲಸ ಮಾಡುತ್ತಿದ್ದ ಕಚೇರಿಯೊಂದರಲ್ಲಿ ನಡೆದದ್ದನ್ನು ಹೇಳುತ್ತೇನೆ. ಸಹೋದ್ಯೋಗಿಯೊಬ್ಬರಿಗೆ ಒಂದು ಶಾಖೆಯಿಂದ ಇನ್ನೊಂದು ಶಾಖೆಗೆ ವರ್ಗವಾಯಿತು. ಹಳೆಯ ಅಂಚೆಪೆಟ್ಟಿಗೆಯನ್ನು ತೆಗೆದುಹಾಕಿ, ಅದೇ ಹೆಸರಿನಲ್ಲಿ, ಅದೇ ವಿಳಾಸದಲ್ಲಿ ಹೊಸದೊಂದನ್ನು ಮಾಡಿಕೊಟ್ಟರು. ಮರುದಿನದಿಂದ ಒಂದು ವಿಚಿತ್ರ ಕಂಡುಬಂದಿತು. ಅವರಿಗೆ ಹಿಂದೆಂದೂ ಬರೆಯದ ಅಪರಿಚಿತರ ಕಾಗದಗಳು ಸಲೀಸಾಗಿ ಮುಟ್ಟುತ್ತಿದ್ದವು. ಹತ್ತು ವರ್ಷಗಳಿಂದ ದಿನವೂ ಬರೆಯುತ್ತಿದ್ದ ಗೆಳೆಯರ ಕಾಗದಗಳು ಮಾತ್ರ, ಇಂಥ ವ್ಯಕ್ತಿ ಇಲ್ಲವೆಂಬ ಷರಾ ಹೊತ್ತು ತಿರುಗಿ ಬರುತ್ತಿದ್ದವು. ಕಾರಣವಿಷ್ಟೆ. ಗೆಳೆಯರ ಯಂತ್ರಗಳು ಆ ಹೆಸರನ್ನು ನೆನಪಿನಲ್ಲಿಟ್ಟುಕೊಂಡಿದ್ದವು. ಮೊದಲ ಎರಡಕ್ಷರ ಒತ್ತಿದೊಡನೆ ಪೂರ್ತಿ ಹೆಸರನ್ನು ತಾವೇ ತೋರಿಸುತ್ತಿದ್ದವು. ಆದರೆ ಆ ಹೆಸರಿನ ಹಿಂದೆ ಕಣ್ಣಿಗೆ ಕಾಣದಂತೆ ಅಡಗಿದ್ದುದು ಎಕ್ಸ್ 500ರ ಮಾದರಿಯ ಒಂದು ಉದ್ದನೆಯ ಒಳವಿಳಾಸ. ಅದು ಹಳೆಯ ಪೆಟ್ಟಿಗೆಯದು. ಮೇಲೆ ಬರೆದ ಹೆಸರು ಸರಿ, ಒಳಗಿನ ವಿಳಾಸ ಗತಕಾಲದ್ದು.

ಇದನ್ನು ಸರಿಪಡಿಸಲು ಎರಡು ದಾರಿಗಳಿವೆ. ಬರೆಯುವವರೆಲ್ಲರೂ ತಂತಮ್ಮ ಯಂತ್ರದ ನೆನಪಿನಿಂದ ಆ ಹಳೆಯ ನಮೂದನ್ನು ಅಳಿಸಿ, ವಿಳಾಸಪುಸ್ತಕದಿಂದ ಹೆಸರನ್ನು ಹೊಸದಾಗಿ ಆರಿಸಿಕೊಳ್ಳುವುದು ಒಂದು. ನೂರು ಜನರಿದ್ದರೆ ನೂರು ಕಡೆ ಈ ಕೆಲಸವಾಗಬೇಕು. ಒಬ್ಬರು ಮರೆತರೆ ಅವರ ಕಾಗದ ಮುಟ್ಟುವುದಿಲ್ಲ. ಹಳೆಯ ಒಳವಿಳಾಸವನ್ನು ಹೊಸ ಪೆಟ್ಟಿಗೆಗೆ ಎರಡನೆಯ ಹೆಸರಾಗಿ ಅಂಟಿಸಿಬಿಡುವುದು ಇನ್ನೊಂದು. ಆಗ ಹಳೆಯ ಹೆಸರಿಗೆ ಬರೆದದ್ದೂ ಹೊಸ ಪೆಟ್ಟಿಗೆಗೇ ಬಂದು ಸೇರುತ್ತದೆ. ಒಂದು ಕಡೆ ತಿದ್ದಿದರೆ ಸಾಕು. ನಮ್ಮ ಕಂದಾಯ ದಾಖಲೆಯಲ್ಲಿ ಖಾತೆ ಬದಲಾವಣೆ ಮಾಡುವಾಗ ಇಂಥವರಿಂದ ಇಂಥವರಿಗೆ ಎಂದು ಇಬ್ಬರ ಹೆಸರನ್ನೂ ಬರೆಯುವುದುಂಟಷ್ಟೆ. ಹಳಬನ ಹೆಸರು ಹೊಸಬನ ಹಕ್ಕಿಗೆ ಅಡ್ಡಿಯಲ್ಲ. ಅದೇ ಅವನ ಹಕ್ಕಿಗೆ ದಾರಿ ತೋರುವ ಕೈಮರ.

ಹೊಸದಾಗಿ ಸೇರಿದವರ ತೊಂದರೆ ಇನ್ನೊಂದು ಬಗೆಯದು. ಅವರ ಹೆಸರು ಮೂಲದಲ್ಲಿರುತ್ತದೆ, ನಮ್ಮ ಯಂತ್ರದಲ್ಲಿರುವುದಿಲ್ಲ. ಜಾಲದ ಸಂಪರ್ಕವಿಲ್ಲದಾಗಲೂ ಬಳಸಲೆಂದು ಯಂತ್ರ ವಿಳಾಸಪುಸ್ತಕದ ಪ್ರತಿಯೊಂದನ್ನು ತನ್ನಲ್ಲಿ ಇಟ್ಟುಕೊಂಡಿರುತ್ತದೆ. ಸಾಮಾನ್ಯವಾಗಿ ದಿನಕ್ಕೊಮ್ಮೆ ಮಾತ್ರ ಅದನ್ನು ಹೊಸದು ಮಾಡಿಕೊಳ್ಳುತ್ತದೆ. ಬೆಳಿಗ್ಗೆ ಕೆಲಸಕ್ಕೆ ಸೇರಿದವರು ಸಂಜೆಯವರೆಗೆ ಕಾಣಿಸದಿದ್ದರೆ ಅದು ತಪ್ಪಲ್ಲ, ಪ್ರತಿಯ ವಯಸ್ಸು. ಕಾಯಬೇಕು, ಇಲ್ಲವೆ ಹೊಸ ಪ್ರತಿಯನ್ನು ಕೇಳಿ ತರಿಸಿಕೊಳ್ಳಬೇಕು.

ಇನ್ನು ಕಾಗುಣಿತದ ಮಾತು. ನಾವು ಶಿವನಸಮುದ್ರವೆನ್ನುವ ಊರನ್ನು ಇಂಗ್ಲಿಷಿನಲ್ಲಿ ಹಲವರು ಶಿವಸಮುದ್ರಂ ಎಂದು ಬರೆದಿದ್ದಾರೆ. ವಿದ್ಯುದಾಗಾರದ ಕಡೆಯ ನೆಲೆಗೆ ಬ್ಲಫ್ ಎಂದೇ ಹೆಸರು ನಿಂತಿದೆ. ನಡುಗಡ್ಡೆಯ ಹಳೆಯ ಕಲ್ಲಿನ ಸೇತುವೆ ಕೆಲವು ಬರಹಗಳಲ್ಲಿ ವೆಲ್ಲೆಸ್ಲಿ, ಜನರ ಬಾಯಲ್ಲಿ ವೆಸ್ಲಿ. ವಿದ್ಯುದಾಗಾರಕ್ಕೆ ಹೆಸರಿತ್ತ ದಿವಾನರನ್ನೇ ಇಂದಿನ ವಿಳಾಸಪುಸ್ತಕದಲ್ಲಿ ಹುಡುಕಬೇಕಾದರೆ ಕುಮಾರಪುರಂ ಎಂಬ ಊರಿನ ಕೆ ಅಕ್ಷರದಲ್ಲಿ ನೋಡಬೇಕೆ, ಶೇಷಾದ್ರಿಯೆಂದು ನೋಡಬೇಕೆ, ಅಯ್ಯರ್ ಎಂದು ನೋಡಬೇಕೆ? ವಿದೇಶದಲ್ಲಿ ರಚಿತವಾದ ಪುಸ್ತಕ ಪ್ರತಿಯೊಬ್ಬರಿಗೂ ಒಂದು ಮೊದಲ ಹೆಸರು, ಒಂದು ಕೊನೆಯ ಹೆಸರು ಕೇಳುತ್ತದೆ. ಊರು, ತಂದೆ, ತಾನು ಎಂಬ ಕ್ರಮದಲ್ಲಿ ಹೆಸರಿಟ್ಟುಕೊಳ್ಳುವ ನಮ್ಮವರು ಇನಿಷಿಯಲ್ಲನ್ನು ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ ಬರೆದು ಎರಡು ಕಡೆಯೂ ಸಿಗದಂತಾಗುತ್ತಾರೆ.

ಉಚ್ಚಾರದ ಆಧಾರದಿಂದ ಹೆಸರು ಹುಡುಕುವ ಸೌಂಡೆಕ್ಸ್ ಎಂಬ ಕ್ರಮಕ್ಕೆ 1918ರಲ್ಲಿ ರಾಬರ್ಟ್ ರಸೆಲ್ ಎಂಬಾತ ಅಮೆರಿಕದಲ್ಲಿ ಪೇಟೆಂಟ್ ಪಡೆದ. ಮೊದಲ ಅಕ್ಷರವನ್ನು ಉಳಿಸಿಕೊಂಡು, ಸ್ವರಗಳನ್ನು ಬಿಟ್ಟು, ವ್ಯಂಜನಗಳಿಗೆ ವರ್ಗಕ್ಕೊಂದರಂತೆ ಅಂಕಿ ಕೊಡುವುದು ಇಂದು ಬಳಕೆಯಲ್ಲಿರುವ ಅದರ ರೂಪ. ಇಂಗ್ಲಿಷಿನ ಶಿವಸಮುದ್ರಂ ಎಂಬುದನ್ನು ಎಸ್ ಒಂದರಿಂದಲೇ ಬರೆದರೂ ಹೆಚ್ ಸೇರಿಸಿ ಬರೆದರೂ ಎಸ್ 125 ಎಂಬ ಒಂದೇ ಸಂಕೇತ ಬರುತ್ತದೆ. ಇಷ್ಟರಮಟ್ಟಿಗೆ ಉಪಕಾರವೇ. ಆದರೆ ಶಿವನಸಮುದ್ರವೆಂದು ಬರೆದರೆ ನಡುವಣ ನಕಾರದಿಂದಾಗಿ ಸಂಕೇತ ಎಸ್ 152 ಆಗಿಬಿಡುತ್ತದೆ. ಒಂದೇ ಊರು ಎರಡು ಊರಾಯಿತು! ಕಿವಿಯನ್ನು ನಂಬಿದ ಯಂತ್ರಕ್ಕೆ ನಮ್ಮ ಷಷ್ಠೀ ವಿಭಕ್ತಿ ತಿಳಿಯದು.

ಕನ್ನಡದಲ್ಲಿಯೇ ಬರೆದರೆ ಈ ಗೊಂದಲ ತಪ್ಪೀತೆಂದು ತಾವು ಹೇಳಬಹುದು. ಬಹುಮಟ್ಟಿಗೆ ನಿಜ. ಆದರೂ ಒಂದು ಎಚ್ಚರ ಬೇಕು. 1991ರಲ್ಲಿ ಪ್ರಕಟವಾದ ಯೂನಿಕೋಡಿನಲ್ಲಿ ಕನ್ನಡಕ್ಕೂ ಸ್ಥಾನ ದೊರೆಯಿತು. ಅದರಲ್ಲಿ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಏಕಾರಕ್ಕೂ ಇಂಥ ಎರಡು ರೂಪಗಳುಂಟು. ಕೊಳ್ಳೇಗಾಲವೆಂಬ ಹೆಸರಿನಲ್ಲಿ ಈ ಎರಡು ಸ್ವರಗಳೂ ಇರುವುದರಿಂದ ಅದನ್ನು ನಾಲ್ಕು ಬಗೆಯಾಗಿ ದಾಖಲಿಸಲು ಸಾಧ್ಯ. ಕಣ್ಣಿಗೆ ನಾಲ್ಕೂ ಒಂದೇ. ಅಂಕಿಗಳನ್ನಷ್ಟೇ ಹೋಲಿಸುವ ಯಂತ್ರಕ್ಕೆ ನಾಲ್ಕು ಬೇರೆ ಬೇರೆ. ಹುಡುಕುವ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತಂದುಕೊಳ್ಳುವ ನಿಯಮವನ್ನು ಯೂನಿಕೋಡ್ ರಚಿಸಿದವರೇ ಕೊಟ್ಟಿದ್ದಾರೆ. ಅದನ್ನು ಪಾಲಿಸದ ಪುಸ್ತಕದಲ್ಲಿ ಕೊಳ್ಳೇಗಾಲ ಕಣ್ಣೆದುರಿಗಿದ್ದೂ ಸಿಗದೆ ಹೋದೀತು.

ಇದೆಲ್ಲ ಗುಮಾಸ್ತರ ಗೋಳೆಂದು ತಳ್ಳಿಬಿಡುವ ಹಾಗಿಲ್ಲ. 2018ರ ಮಳೆಗಾಲದಲ್ಲಿ ಕಾವೇರಿ ಉಕ್ಕಿ ಬಂದು ವೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ಕೃಷ್ಣರಾಜಸಾಗರದಿಂದಲೂ ಕಬಿನಿಯಿಂದಲೂ ಬಿಟ್ಟ ನೀರು ತಿರುಮಕೂಡಲಿನಲ್ಲಿ ಕೂಡಿ ಶಿವನಸಮುದ್ರಕ್ಕೆ ಬರುತ್ತದೆ. ನೀರು ಜಿಲ್ಲೆಯ ಗಡಿಯನ್ನು ನೋಡುವುದಿಲ್ಲ. ನೀರಿಗಿಂತ ಮುಂಚೆ ತಲುಪಬೇಕಾದ ಎಚ್ಚರಿಕೆಯ ಕಾಗದ ಮಾತ್ರ ಗಡಿಯನ್ನು ನೋಡಿಯೇ ಹೋಗುತ್ತದೆ. ಶಿವನಸಮುದ್ರವೆಂದರೆ ಮಂಡ್ಯ ಜಿಲ್ಲೆ ಎಂದಷ್ಟೇ ಬಲ್ಲ ಪಟ್ಟಿಯೊಂದು ಯಾವುದಾದರೂ ಕಚೇರಿಯಲ್ಲಿದ್ದರೆ, ಎಡದಂಡೆಗೆ ಸುದ್ದಿ ಮುಟ್ಟಿ ನಡುಗಡ್ಡೆಗೆ ಮುಟ್ಟದೆ ಹೋಗಬಹುದು. ವರ್ಗವಾಗಿ ಹೋದ ಅಧಿಕಾರಿಯ ಪೆಟ್ಟಿಗೆಗೆ ಹೋದ ಎಚ್ಚರಿಕೆಯೂ ಅಷ್ಟೆ; ಕಳುಹಿಸಿದವರ ಮನಸ್ಸಿಗೆ ಸಮಾಧಾನ, ಹೊಳೆಯ ದಂಡೆಯಲ್ಲಿರುವವರಿಗೆ ಮೌನ.

ಆದುದರಿಂದ ವಿಳಾಸಪುಸ್ತಕವನ್ನು ತಿದ್ದುವವರು ನೆನಪಿಡಬೇಕಾದ ಮಾತುಗಳು ಮೂರು. ತಿದ್ದುವುದಾದರೆ ಮೂಲದಲ್ಲಿ ತಿದ್ದಬೇಕು, ಪ್ರತಿಯಲ್ಲಲ್ಲ. ಪ್ರತಿಗಳಿಗೆ ಆಯುಷ್ಯವನ್ನು ಗೊತ್ತುಮಾಡಬೇಕು. ಹೊಸ ಹೆಸರು ಬಂದಿತೆಂದು ಹಳೆಯ ಹೆಸರನ್ನು ಒರೆಸಿಹಾಕದೆ, ಅದನ್ನು ಹೊಸದರ ಕಡೆಗೆ ತಿರುಗಿಸಿ ನಿಲ್ಲಿಸಬೇಕು. ಮೊದಲ ಎರಡನ್ನು ಯಂತ್ರಕ್ಕೆ ಕಲಿಸಬಹುದು. ಮೂರನೆಯದಕ್ಕೆ ಆ ಊರನ್ನೂ ಅಲ್ಲಿನ ಜನರನ್ನೂ ಬಲ್ಲ ಒಬ್ಬ ಮನುಷ್ಯ ಬೇಕು. ಬ್ಲಫ್ ಎಂದರೂ ಶಿವಸಮುದ್ರಂ ಎಂದರೂ ಕೇಳುತ್ತಿರುವುದು ಯಾವ ದಂಡೆಯನ್ನು ಎಂದು ತಿಳಿದು ಹೇಳಬಲ್ಲವರು ಕಚೇರಿಗೊಬ್ಬರಾದರೂ ಇರಲಿ. ಅವರು ವರ್ಗವಾಗಿ ಹೋಗುವ ಮುನ್ನ ತಾವು ಬಲ್ಲುದನ್ನು ಪುಸ್ತಕದಲ್ಲಿ ಬರೆದಿಟ್ಟು ಹೋಗಲಿ.